ಕೊರಳಿನ ಗಡಿಯಾರ ಮತ್ತು ನಮಾಝಿನ ವೇಳೆ

ಕಳೆದ ತಿಂಗಳು ಜುಮಾ ಮುಗಿದ ಬಳಿಕ ಜಮಾಅತಿನ ಸಹೋದರರೊಬ್ಬರು ತಮ್ಮ ಮಗಳ ಲಾಕೆಟ್ ಗಡಿಯಾರವನ್ನು ನಮ್ಮ ಕೈಗಿತ್ತರು. ಗಲ್ಫ್‌ನಿಂದ ಅವಳ ಮಾಮ ತಂದ ಉಡುಗೊರೆ. ಸೇಬಿನ ಆಕಾರ, ಮೇಲೆಲ್ಲ ಹೊಳೆಯುವ ಹರಳುಗಳು. ಅದನ್ನೇ ನಂಬಿ ಕುಳಿತ ಹುಡುಗಿಗೆ ಒಂದು ದಿನ ಅಸರ್ ತಪ್ಪಿಹೋಗಿತ್ತು. "ಉಸ್ತಾದರೇ, ಗಡಿಯಾರವನ್ನು ಸೇಬು ಮಾಡುವ ಈ ಹುಚ್ಚು ಈಗಿನ ಕಾಲದ್ದೇ?" ಎಂದು ಅವರು ಕೇಳಿದರು. ಅಲ್ಲವೆಂದೆವು. ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

16ನೇ ಶತಮಾನದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಪೀಟರ್ ಹೆನ್ಲೈನ್ ಎಂಬ ಬೀಗ ತಯಾರಕ ಮೈಮೇಲೆ ಧರಿಸಬಹುದಾದ ಪುಟ್ಟ ಗಡಿಯಾರಗಳನ್ನು ಮಾಡಿದ. ತೂಗುವ ಭಾರದ ಬದಲು ಸುರುಳಿ ಸುತ್ತಿದ ಸ್ಪ್ರಿಂಗ್ ಅದನ್ನು ನಡೆಸುತ್ತಿತ್ತು. ಆ ಕಾಲದ ಇಂತಹ ಗಡಿಯಾರಗಳಿಗೆ ಒಂದೇ ಮುಳ್ಳು, ಗಂಟೆಯದ್ದು. ನಿಮಿಷದ ಮುಳ್ಳು ಇದ್ದರೂ ಪ್ರಯೋಜನವಿರಲಿಲ್ಲ. ದಿನಕ್ಕೆ ಅರ್ಧ ಗಂಟೆ ಹಿಂದೆ ಮುಂದೆ ಹೋಗುವುದು ಅವುಗಳಿಗೆ ಸಾಮಾನ್ಯವಾಗಿತ್ತು. ಸಮಯ ಸರಿಯಾಗಿ ಹೇಳಲು ಬಾರದ ಯಂತ್ರವನ್ನು ದುಡ್ಡುಳ್ಳವರು ಒಡವೆಯಾಗಿಯೇ ಕೊಂಡರು. ಹಾಗಾಗಿ ಅದನ್ನು ಮಾಡುವವರೂ ಒಡವೆಯಾಗಿಯೇ ಮಾಡಿದರು. ಟುಲಿಪ್ ಮೊಗ್ಗು, ಚಿಪ್ಪು, ನಕ್ಷತ್ರ, ಶಿಲುಬೆ ಹೀಗೆ ನಾನಾ ಆಕಾರಗಳು ಬಂದವು. ಜಿನೀವಾದ ಝಾನ್ ಬಾಪ್ಟಿಸ್ಟ್ ಡುಬೂಲ್ 1635ರ ಸುಮಾರಿಗೆ ಮಾಡಿದ ಮಲಗಿದ ಸಿಂಹವೊಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಜಿನೀವಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1541ರಲ್ಲಿ ಆ ಊರಿಗೆ ಮರಳಿದ ಕ್ರೈಸ್ತ ಸುಧಾರಕ ಕ್ಯಾಲ್ವಿನ್ ಆಡಂಬರದ ಕಡು ವಿರೋಧಿ. ಅವರ ಆಂದೋಲನದ ಪ್ರಭಾವದಲ್ಲಿ ಒಡವೆ, ರೇಷ್ಮೆಗಳಿಗೆ ಕಡಿವಾಣ ಬಿತ್ತು; ಶಿಲುಬೆ, ಪೂಜಾಪಾತ್ರೆಗಳನ್ನು ಮಾಡದಂತೆ 1566ರಲ್ಲಿ ಅಕ್ಕಸಾಲಿಗರಿಗೆ ಕಟ್ಟಳೆಯಾಯಿತು. ಕೈಯಲ್ಲಿ ಕಸಬಿದ್ದು ಕೆಲಸವಿಲ್ಲದವರು ಏನು ಮಾಡಿಯಾರು? ಫ್ರಾನ್ಸಿನಲ್ಲಿ ಧರ್ಮದ ಕಾರಣಕ್ಕೆ ಹಿಂಸೆಗೊಳಗಾದ ಗಡಿಯಾರ ತಜ್ಞರು ಆಗಲೇ ಆಶ್ರಯ ಕೇಳಿ ಜಿನೀವಾಕ್ಕೆ ಬರುತ್ತಿದ್ದರು. ಇವರ ಯಂತ್ರಕ್ಕೆ ಅವರ ಚಿನ್ನ, ಎನಾಮೆಲ್ ಕೂಡಿತು. ಗಡಿಯಾರ ಉಪಯೋಗದ ವಸ್ತುವಲ್ಲವೇ, ಅದಕ್ಕೆ ಅಡ್ಡಿಯಿರಲಿಲ್ಲ. 1601ರಲ್ಲಿ ಗಡಿಯಾರ ಕಸಬಿನವರು ತಮ್ಮದೇ ಸಂಘ ಕಟ್ಟಿಕೊಳ್ಳುವಷ್ಟು ಬೆಳೆದರು. ಒಡವೆ ಬೇಡವೆಂದ ಊರೇ ಮುಂದೆ ಗಡಿಯಾರದ ವೇಷದ ಒಡವೆಗೆ ಜಗತ್ಪ್ರಸಿದ್ಧವಾಯಿತು. ಖುತ್ಬಾದಲ್ಲಿ ದುಂದುವೆಚ್ಚ ಬೇಡವೆಂದು ವರ್ಷಗಟ್ಟಲೆ ಹೇಳಿ, ಅದು ಬೇರೊಂದು ಹೆಸರಿನಲ್ಲಿ ಮದುವೆ ಹಾಲಿಗೆ ಬರುವುದನ್ನು ಕಂಡಿರುವ ನಮಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ.

ಈ ಆಕಾರಗಳಲ್ಲೆಲ್ಲ ನಮ್ಮನ್ನು ಹೆಚ್ಚು ಕಾಡುವುದು ತಲೆಬುರುಡೆ. ಬೆಳ್ಳಿಯ ಪುಟ್ಟ ಬುರುಡೆ. ಕೆಳದವಡೆ ತೆರೆದರೆ ಒಳಗೆ ಗಂಟೆಯ ಮುಖಫಲಕ. ಸಾವನ್ನು ನೆನಪಿಸಲೆಂದು ಮಾಡಿದ್ದು. ನೆನಪಿಸಿತೋ, ನೆರೆಯವರಿಗೆ ತೋರಿಸುವ ಚೆಂದದ ವಸ್ತುವಾಯಿತೋ, ಅದನ್ನು ಧರಿಸಿದವರೇ ಬಲ್ಲರು.

1912ರಲ್ಲಿ ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಹಳೆಯ ಕಟ್ಟಡ ಕೆಡವುತ್ತಿದ್ದ ಕೂಲಿಗಳ ಗುದ್ದಲಿಗೆ ನೆಲಮಾಳಿಗೆಯಲ್ಲಿ ಹೂತಿಟ್ಟ ಒಡವೆಗಳು ಸಿಕ್ಕವು. ಸುಮಾರು 500. ಅವುಗಳಲ್ಲಿ ಒಂದು ಗಡಿಯಾರವಿತ್ತು. 1600ರ ಸುಮಾರಿನದು. ಅದರ ಕವಚ ಪೂರ್ತಿ ಒಂದೇ ಪಚ್ಚೆ. ದಕ್ಷಿಣ ಅಮೆರಿಕದ ಕೊಲಂಬಿಯಾದಿಂದ ಬಂದ ಆರು ಮೂಲೆಯ ಕಲ್ಲನ್ನು ಟೊಳ್ಳು ಮಾಡಿ ಒಳಗೆ ಯಂತ್ರ ಕೂರಿಸಿದ್ದಾರೆ. ಮುಚ್ಚಳವೂ ಪಚ್ಚೆಯೇ, ಮುಚ್ಚಿದರೂ ಮುಳ್ಳು ಕಾಣುತ್ತದೆ. ಅದೇ ನಿಧಿಯಲ್ಲಿ ವಜ್ರಗಳೂ ಇದ್ದವು. ಬ್ರೆಜಿಲ್‌ನಲ್ಲಿ ಗಣಿ ಸಿಗುವ ಮೊದಲು, ಅಂದರೆ 1720ರ ದಶಕದವರೆಗೆ, ಯುರೋಪಿಗೆ ವಜ್ರ ಹೋಗುತ್ತಿದ್ದುದು ಹೆಚ್ಚಾಗಿ ನಮ್ಮ ಕೃಷ್ಣಾ ತೀರದ ಗಣಿಗಳಿಂದ. ಕಲ್ಲು ಅಗೆದವನಿಗೆ ಏನು ಸಿಕ್ಕಿತೆಂದು ಯಾವ ಮ್ಯೂಸಿಯಂ ಫಲಕವೂ ಹೇಳುವುದಿಲ್ಲ. ಆ ಪಚ್ಚೆಯೊಳಗಿನ ಯಂತ್ರ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಹೊರತೆಗೆಯಲು ಬಾರದು.

1675ರಲ್ಲಿ ಹಾಲೆಂಡಿನ ಹೈಗೆನ್ಸ್ ಗಡಿಯಾರದ ತೂಗುಚಕ್ರಕ್ಕೆ ಕೂದಲೆಳೆಯಂತಹ ಸುರುಳಿ ಜೋಡಿಸಿದರು. ತಪ್ಪು ದಿನಕ್ಕೆ ಕೆಲವೇ ನಿಮಿಷಗಳಿಗೆ ಇಳಿಯಿತು, ನಿಮಿಷದ ಮುಳ್ಳು ಬಂತು. ಗಡಿಯಾರ ನಿಜ ಹೇಳಲು ಕಲಿತೊಡನೆ ಸಿಂಹ, ಟುಲಿಪ್‌ಗಳು ಮರೆಗೆ ಸರಿದು ಸಾದಾ ದುಂಡು ಗಡಿಯಾರ ಉಳಿಯಿತು. 1800ರ ಆಸುಪಾಸಿನಲ್ಲಿ ಜಿನೀವಾ ಮತ್ತೆ ಹಳೆಯ ಚಾಳಿಗೆ ಬಿದ್ದು ಹಣ್ಣು, ಹೂಬುಟ್ಟಿ, ವೀಣೆಯಂತಹ ವಾದ್ಯ, ಗುಂಡಿ ಒತ್ತಿದರೆ ರೆಕ್ಕೆ ಬಿಚ್ಚುವ ದುಂಬಿಗಳನ್ನು ಮುತ್ತು, ಎನಾಮೆಲ್ ಹಚ್ಚಿ ಮಾಡಿತು. ನಮ್ಮ ಹುಡುಗಿಯ ಸೇಬಿನ ಮೂಲ ಅಲ್ಲಿದೆ.

ಇಸ್ತಾಂಬುಲಿನಲ್ಲೂ ಈ ಗಡಿಯಾರಗಳಿಗೆ ಗಿರಾಕಿಗಳಿದ್ದರು. ಜಿನೀವಾದ ಕುಶಲಿಗಳು ಅಲ್ಲೇ ಹೋಗಿ ನೆಲೆಸುತ್ತಿದ್ದರು. ತತ್ವಜ್ಞಾನಿ ರೂಸೋರ ತಂದೆ 1705ರಿಂದ 1711ರವರೆಗೆ ಅಲ್ಲಿದ್ದವರು, ಸುಲ್ತಾನರ ಅರಮನೆಯ ಗಡಿಯಾರಗಾರರು. ಲಂಡನ್ನಿನ ಜಾರ್ಜ್ ಪ್ರಯರ್‌ನಂಥವರು ತುರ್ಕಿಗೆಂದೇ ಅರಬಿ ಅಂಕಿಗಳ ಮುಖಫಲಕ ಬರೆಸಿ, ಬೆಳ್ಳಿ ಮತ್ತು ಆಮೆಚಿಪ್ಪಿನ ಕವಚಗಳನ್ನು ಒಂದರ ಮೇಲೊಂದು ತೊಡಿಸಿ ಕಳುಹಿಸುತ್ತಿದ್ದರು. ಮನುಷ್ಯರ ಚಿತ್ರಗಳ ಬದಲು ಹೂಬಳ್ಳಿಗಳು. ಅಲ್ಲಿಯವರೆಲ್ಲ ಸರಳ ಬದುಕಿನವರೆಂದು ನಾವು ಹೇಳುತ್ತಿಲ್ಲ. ತೋಪ್‌ಕಾಪಿ ಅರಮನೆಯ ಸಂಗ್ರಹದಲ್ಲಿ ವಜ್ರ ಕೆತ್ತಿದವೂ ಇವೆ.

ಆದರೆ ಅಲ್ಲಿ ಗಡಿಯಾರಕ್ಕೆ ಒಬ್ಬ ಯಜಮಾನನಿದ್ದ, ಸೂರ್ಯ. ಸೂರ್ಯಾಸ್ತಕ್ಕೆ ಹನ್ನೆರಡು ಗಂಟೆ, ಅಲ್ಲಿಂದ ಹೊಸ ದಿನ. ಸೂರ್ಯ ಮುಳುಗುವ ವೇಳೆ ದಿನದಿನಕ್ಕೆ ಬದಲಾಗುವುದರಿಂದ ಎಷ್ಟೇ ಬೆಲೆಬಾಳುವ ಗಡಿಯಾರವನ್ನೂ ಆಗಾಗ ತಿದ್ದಲೇಬೇಕಿತ್ತು. ದೊಡ್ಡ ಮಸೀದಿಗಳ ಪಕ್ಕದ ಕೋಣೆಗಳಲ್ಲಿ ಮುವಕ್ಕಿತ್ ಎಂಬ ಸಮಯಪಾಲಕರು ಆಕಾಶದ ಲೆಕ್ಕ ಹಿಡಿದು ನಮಾಝಿನ ವೇಳೆ ನಿರ್ಧರಿಸುತ್ತಿದ್ದರು. ದಾರಿಹೋಕರು ಅಲ್ಲಿ ನಿಂತು ತಮ್ಮ ಗಡಿಯಾರ ಸರಿಮಾಡಿಕೊಂಡು ಹೋಗುತ್ತಿದ್ದರು. 1926ರ ಜನವರಿ 1ರಂದು ತುರ್ಕಿ ಈ ಕ್ರಮವನ್ನು ಕಾನೂನಿನ ಮೂಲಕ ಕೈಬಿಟ್ಟಿತು.

ಸೇಬಿನ ಗಡಿಯಾರವನ್ನು ನಾವು ಮರಳಿಸಿದೆವು. ಬ್ಯಾಟರಿ ಮುಗಿಯುತ್ತ ಬಂದಿತ್ತು, ಅಷ್ಟೇ. ಪೇಟೆಯಲ್ಲಿ ಹೊಸದು ಹಾಕಿಸಿದ್ದಾರೆ. ಹುಡುಗಿ ಈಗಲೂ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾಳೆ, ಅಸರ್‌ಗೆ ಮಾತ್ರ ಅಝಾನ್ ಕೇಳಿ ಏಳುತ್ತಾಳಂತೆ.