ಸಹಿ ಹಾಕುವ ಕೈಗೆ ಶಿಕ್ಷಣ: ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ವಿಮಾನ ಮೆಕ್ಯಾನಿಕ್‌ಗಳ ತರಬೇತಿ

ಅಮೆರಿಕದ ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ ದುರಸ್ತಿಗೆ ಬಂದ ವಿಮಾನ, ಕೆಲಸ ಮುಗಿದ ಮಾತ್ರಕ್ಕೆ ಹಾರಾಟಕ್ಕೆ ಅರ್ಹವಾಗುವುದಿಲ್ಲ. ಏನು ಕೆಲಸ ನಡೆಯಿತು, ಯಾವ ದಿನ ಮುಗಿಯಿತು ಎಂಬುದನ್ನು ಅದರ ಲಾಗ್‌ಬುಕ್‌ನಲ್ಲಿ ಬರೆಯಬೇಕು. ಲೈಸೆನ್ಸ್ ಪಡೆದ ಮೆಕ್ಯಾನಿಕ್ ಒಬ್ಬರು ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ತಮ್ಮ ಪ್ರಮಾಣಪತ್ರದ ಸಂಖ್ಯೆಯನ್ನು ನಮೂದಿಸಬೇಕು. ನಾಳೆ ಆ ವಿಮಾನಕ್ಕೆ ಏನಾದರೂ ಆದರೆ ಮೊದಲು ತೆರೆಯುವುದು ಆ ಪುಟವನ್ನೇ. ಹೀಗೆ ಸಹಿ ಹಾಕುವವರಲ್ಲಿ ಅನೇಕರು ಊರ ಹತ್ತಿರದ ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಕಲಿತು ಬಂದವರು. ಅವರಲ್ಲಿ ಕೆಲವರಿಗೆ ಇಪ್ಪತ್ತರ ಹರೆಯ.

ಇಷ್ಟು ದೊಡ್ಡ ಹೊಣೆಯನ್ನು ಇಷ್ಟು ಚಿಕ್ಕ ವಯಸ್ಸಿನವರಿಗೆ ಒಪ್ಪಿಸಲು ಒಂದು ಸಮಾಜ ಹೇಗೆ ಧೈರ್ಯ ಮಾಡಿತು? ವಿಮಾನ ನಿರ್ವಹಣೆಯ ತರಬೇತಿ ಒಂದು ಶತಮಾನದಲ್ಲಿ ಬೆಳೆದ ಬಗೆಯನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಕೈಕೆಲಸದ ಜಾಣತನವನ್ನು ಕಲಿಸುವುದರಿಂದ ಹೊರಟ ಈ ಶಿಕ್ಷಣ ನಿಧಾನವಾಗಿ ಹೊಣೆಗಾರಿಕೆಯನ್ನು ಕಲಿಸುವ ಶಿಕ್ಷಣವಾಯಿತು. ಆ ಪಯಣದಲ್ಲಿ ಕಮ್ಯುನಿಟಿ ಕಾಲೇಜುಗಳು ಮಾಡಿದ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲವೆಂಬುದು ನನ್ನ ಭಾವನೆ.

ಸೈಕಲ್ ಅಂಗಡಿಯಿಂದ ಲೈಸೆನ್ಸಿನವರೆಗೆ

ವಿಮಾನದ ಮೊದಲ ಮೆಕ್ಯಾನಿಕ್ ಯಾವ ಶಾಲೆಯಲ್ಲೂ ಈ ವಿದ್ಯೆ ಕಲಿತವರಲ್ಲ. ಒಹಾಯೊ ರಾಜ್ಯದ ಡೇಟನ್‌ನಲ್ಲಿ ರೈಟ್ ಸಹೋದರರು ತಮ್ಮ ಸೈಕಲ್ ಅಂಗಡಿ ನೋಡಿಕೊಳ್ಳಲು 1901ರಲ್ಲಿ ಚಾರ್ಲ್ಸ್ ಟೇಲರ್ ಎಂಬ ಯಂತ್ರಕುಶಲಿಯನ್ನು ಕೆಲಸಕ್ಕೆ ತೆಗೆದುಕೊಂಡರು. ತಮಗೆ ಬೇಕಾದ ಹಗುರ ಎಂಜಿನ್ ಹೊರಗೆಲ್ಲೂ ಸಿಗದಿದ್ದಾಗ ಸಹೋದರರು ಆ ಕೆಲಸವನ್ನು ಟೇಲರ್‌ಗೆ ಒಪ್ಪಿಸಿದರು. ಒಂದು ಲೇತ್ ಮತ್ತು ಒಂದು ಡ್ರಿಲ್ ಯಂತ್ರದ ನೆರವಿನಿಂದ, ಸುಮಾರು ಆರು ವಾರಗಳಲ್ಲಿ ಅವರು 12 ಅಶ್ವಶಕ್ತಿಯ ಎಂಜಿನ್ ಕಟ್ಟಿದರು. 1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಬಳಿ ಹಾರಿದ್ದು ಆ ಎಂಜಿನ್. 1956ರಲ್ಲಿ ತೀರಿಕೊಂಡ ಟೇಲರ್ ಕೊನೆಗಾಲದಲ್ಲಿ ಆಸ್ಪತ್ರೆಯ ಧರ್ಮಾರ್ಥ ವಾರ್ಡು ಸೇರಿದ್ದರು. ಅವರು ಹುಟ್ಟಿದ ಮೇ 24ನ್ನು ಇಂದು ಅಮೆರಿಕದಲ್ಲಿ ವಿಮಾನ ನಿರ್ವಹಣಾ ತಂತ್ರಜ್ಞರ ದಿನವೆಂದು ಆಚರಿಸುತ್ತಾರೆ. ಐವತ್ತು ವರ್ಷ ಸೇವೆ ಸಲ್ಲಿಸಿದ ಮೆಕ್ಯಾನಿಕ್‌ಗಳಿಗೆ ಕೊಡುವ ಪ್ರಶಸ್ತಿಗೂ ಅವರದೇ ಹೆಸರು.

ಮುಂದಿನ ಎರಡು ದಶಕಗಳಲ್ಲಿ ವಿಮಾನ ರಿಪೇರಿ ಯಾರು ಬೇಕಾದರೂ ಮಾಡಬಹುದಾದ ಕೆಲಸವಾಗಿತ್ತು. ಬಡಗಿ, ಕಮ್ಮಾರ, ಮೋಟಾರು ಮೆಕ್ಯಾನಿಕ್ ಎಲ್ಲರೂ ಕೈಹಾಕಿದರು. 1926ರ ವಾಯು ವಾಣಿಜ್ಯ ಕಾಯ್ದೆ ಆ ಸ್ಥಿತಿಗೆ ಕೊನೆ ಹಾಡಿತು. ಪೈಲಟ್‌ಗಳ ಜತೆಗೆ ಮೆಕ್ಯಾನಿಕ್‌ಗಳಿಗೂ ಕೇಂದ್ರ ಸರ್ಕಾರದ ಲೈಸೆನ್ಸ್ ಬಂತು. ಮೊದಲ ಮೆಕ್ಯಾನಿಕ್ ಲೈಸೆನ್ಸ್ 1927ರ ಜುಲೈ 1ರಂದು ಫ್ರಾಂಕ್ ಗೇಟ್ಸ್ ಗಾರ್ಡ್‌ನರ್ ಅವರ ಕೈಸೇರಿತು. ಲೈಸೆನ್ಸ್ ಬಂದ ಬೆನ್ನಿಗೇ ಶಾಲೆಗಳು ಹುಟ್ಟಿಕೊಂಡವು. ಟಲ್ಸಾದ ಸ್ಪಾರ್ಟನ್ ಶಾಲೆ 1928ರದ್ದು, ಪಿಟ್ಸ್‌ಬರ್ಗ್‌ನ ವೈಮಾನಿಕ ಸಂಸ್ಥೆ 1929ರದ್ದು. ಇಂಥ ಬಹುಪಾಲು ಶಾಲೆಗಳು ಖಾಸಗಿಯವಾದ್ದರಿಂದ ಶುಲ್ಕ ಕಟ್ಟಬಲ್ಲವರಿಗಷ್ಟೇ ಬಾಗಿಲು ತೆರೆಯುತ್ತಿತ್ತು.

ಯುದ್ಧದ ಕಾಲ, ಬೆಂಗಳೂರಿನ ನಂಟು

ಎರಡನೇ ಮಹಾಯುದ್ಧ ಈ ವಿದ್ಯೆಯನ್ನು ಲಕ್ಷಾಂತರ ಜನರಿಗೆ ಹಂಚಿತು. ಇಲಿನಾಯ್‌ನ ಶನೂಟ್ ಫೀಲ್ಡ್‌ನಂಥ ಸೇನಾ ಕೇಂದ್ರಗಳು ಹೊಲಗದ್ದೆಗಳಿಂದ ಬಂದ ಹುಡುಗರನ್ನು ಕೆಲವೇ ತಿಂಗಳಲ್ಲಿ ಎಂಜಿನ್ ಬಿಚ್ಚಿ ಜೋಡಿಸುವವರನ್ನಾಗಿ ಮಾಡಿದವು. ವರ್ಣಭೇದ ಕಟ್ಟುನಿಟ್ಟಾಗಿದ್ದ ಆ ಸೇನೆಯಲ್ಲಿ 1941ರಲ್ಲಿ ರೂಪುಗೊಂಡ 99ನೇ ಪರ್ಸ್ಯೂಟ್ ಸ್ಕ್ವಾಡ್ರನ್ನಿನ ಕಪ್ಪು ಮೆಕ್ಯಾನಿಕ್‌ಗಳು ಕಲಿತದ್ದೂ ಶನೂಟ್‌ನಲ್ಲೇ. ಅದೇ ಸ್ಕ್ವಾಡ್ರನ್ನಿನ ಟಸ್ಕೀಗಿ ಪೈಲಟ್‌ಗಳ ಹೆಸರು ಜಗತ್ತಿಗೆ ಗೊತ್ತು. ಅವರ ವಿಮಾನಗಳನ್ನು ಹಾರಾಟಕ್ಕೆ ಸಿದ್ಧವಾಗಿಟ್ಟವರ ಹೆಸರು ತಿಳಿದವರು ಕಡಿಮೆ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಶುರುಮಾಡಿದಾಗ ತಾಂತ್ರಿಕ ನೆರವು ಬಂದದ್ದು ಅಮೆರಿಕದ ಉದ್ಯಮಿ ವಿಲಿಯಂ ಪಾಲಿ ಅವರಿಂದ. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಹೋಯಿತು. 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಅದು ಭಾರತ, ಬರ್ಮಾ, ಚೀನಾ ರಣರಂಗಗಳ ವಿಮಾನಗಳಿಗೆ ದೊಡ್ಡ ದುರಸ್ತಿ ಕೇಂದ್ರವಾಯಿತು. ಅಲ್ಲಿಗೆ ಬಂದ ಡಕೋಟಾ ಮತ್ತು ಕ್ಯಾಟಲಿನಾ ವಿಮಾನಗಳ ಮೇಲೆ ಸ್ಥಳೀಯ ಕೆಲಸಗಾರರು ಅಮೆರಿಕನ್ನರೊಂದಿಗೆ ಕೈಜೋಡಿಸಿ ದುಡಿದರು. ಬೆಂಗಳೂರಿನ ವಿಮಾನ ವಿದ್ಯೆಯ ಬೇರುಗಳಲ್ಲಿ ಒಂದು ಆ ಯುದ್ಧಕಾಲದ ಹ್ಯಾಂಗರ್‌ಗಳಲ್ಲಿದೆ.

ಕಾಲೇಜಿನ ಅಂಗಳಕ್ಕೆ ಬಂದ ವಿಮಾನ

ಯುದ್ಧ ಮುಗಿದಾಗ ಅಮೆರಿಕದಲ್ಲಿ ಸಾಲುಸಾಲು ವಿಮಾನಗಳು ಕೆಲಸವಿಲ್ಲದೆ ನಿಂತವು. ಸೇನೆಯಿಂದ ಮರಳಿದ ಯುವಕರು ಓದಲು, ದುಡಿಯಲು ದಾರಿ ಹುಡುಕುತ್ತಿದ್ದರು. 1944ರ ಜಿಐ ಕಾಯ್ದೆ ಅವರ ಓದಿನ ಖರ್ಚು ಹೊತ್ತಿತು. ಹೆಚ್ಚುವರಿ ವಿಮಾನಗಳೂ ಎಂಜಿನ್‌ಗಳೂ ಶಾಲಾ ಕಾಲೇಜುಗಳ ಪಾಲಾದವು. ಕಮ್ಯುನಿಟಿ ಕಾಲೇಜುಗಳ ಪೂರ್ವರೂಪವಾಗಿ ಅಮೆರಿಕದ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು 1901ರಲ್ಲೇ ಜೋಲಿಯೆಟ್‌ನಲ್ಲಿ ಆರಂಭವಾಗಿತ್ತು. ಆದರೆ ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗ 1947ರಲ್ಲಿ, ಮನೆಯಿಂದ ಓಡಾಡುವಷ್ಟು ಹತ್ತಿರದಲ್ಲಿ, ಕೈಗೆಟುಕುವ ವೆಚ್ಚದಲ್ಲಿ, ಪದವಿಯ ಓದು ಮತ್ತು ವೃತ್ತಿ ಕಲಿಕೆ ಎರಡನ್ನೂ ಕೊಡುವ ಕಮ್ಯುನಿಟಿ ಕಾಲೇಜುಗಳ ಜಾಲ ಬೇಕೆಂದು ಹೇಳಿದ ಮೇಲೆ ಆ ಕಲ್ಪನೆಗೆ ಬಲ ಬಂತು. 1963ರ ವೃತ್ತಿಶಿಕ್ಷಣ ಕಾಯ್ದೆ ಹಣ ಒದಗಿಸಿತು. ಅರವತ್ತರ ದಶಕದಲ್ಲಿ ಇಂಥ ಕಾಲೇಜುಗಳು ದೇಶದುದ್ದಕ್ಕೂ ತೆರೆದವು.

ವಿಮಾನ ನಿರ್ವಹಣೆಯ ವಿಭಾಗಗಳು ಸಹಜವಾಗಿಯೇ ವಿಮಾನಗಳಿದ್ದ ಕಡೆ ನೆಲೆಸಿದವು. ವಾಷಿಂಗ್ಟನ್ ರಾಜ್ಯದ ಎವರೆಟ್ ಕಾಲೇಜಿನ ತರಗತಿಗಳು ಬೋಯಿಂಗ್ ಕಾರ್ಖಾನೆಯಿರುವ ಪೇನ್ ಫೀಲ್ಡ್‌ನಲ್ಲಿ ನಡೆಯುತ್ತವೆ. ಅದೇ ರಾಜ್ಯದ ಬಿಗ್ ಬೆಂಡ್ ಕಾಲೇಜು ಮೋಸಸ್ ಲೇಕ್ ಊರಿನಲ್ಲಿ ಮುಚ್ಚಿಹೋದ ವಾಯುನೆಲೆಯ ಆವರಣವನ್ನೇ ಮನೆ ಮಾಡಿಕೊಂಡಿತು. ಟೆಕ್ಸಸ್‌ನ ಟ್ಯಾರಂಟ್ ಕೌಂಟಿ ಕಾಲೇಜು ಅಲಯನ್ಸ್ ನಿಲ್ದಾಣದಲ್ಲಿ, ಉತ್ತರ ಕ್ಯಾರೊಲಿನಾದ ಗಿಲ್‌ಫರ್ಡ್ ಟೆಕ್ನಿಕಲ್ ಕಮ್ಯುನಿಟಿ ಕಾಲೇಜು ಗ್ರೀನ್ಸ್‌ಬರೊದ ದುರಸ್ತಿ ಉದ್ಯಮದ ಮಗ್ಗುಲಲ್ಲಿ ಬೆಳೆದವು. ಫೆಡ್‌ಎಕ್ಸ್ ಕಂಪನಿ ನಿವೃತ್ತವಾದ ತನ್ನ ಬೋಯಿಂಗ್ 727 ಸರಕು ವಿಮಾನಗಳಲ್ಲಿ ಅನೇಕವನ್ನು ಇಂಥ ಶಾಲೆಗಳಿಗೆ ದಾನ ಮಾಡಿತು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳು ಕಟ್ಟಬೇಕಾದ ಶುಲ್ಕ ಒಂದು ಯೂನಿಟ್‌ಗೆ 46 ಡಾಲರ್. ಹಗಲು ಅಂಗಡಿಯಲ್ಲಿ ದುಡಿದು ಸಂಜೆ ತರಗತಿಗೆ ಬರುವವರು, ಸೇನೆಯಿಂದ ಬಿಡುಗಡೆಯಾದವರು, ವಲಸೆ ಬಂದ ಕುಟುಂಬಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವಂತಾದದ್ದು ಈ ಅಗ್ಗದ ಶುಲ್ಕದಿಂದ.

1,900 ಗಂಟೆಗಳ ಪಾಠ

ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎ 1958ರಲ್ಲಿ ರೂಪುಗೊಂಡಿತು. ನಿರ್ವಹಣಾ ಶಾಲೆಗಳಿಗೆ ಅದು ರೂಪಿಸಿದ ನಿಯಮಾವಳಿ 'ಭಾಗ 147' ಎಂದೇ ಪ್ರಸಿದ್ಧ. 2022ರವರೆಗೆ ಆ ನಿಯಮದ ಪ್ರಕಾರ ಸಾಮಾನ್ಯ ವಿಷಯಗಳಿಗೆ 400 ಗಂಟೆ, ವಿಮಾನದ ದೇಹಕ್ಕೆ 750, ಎಂಜಿನ್ ಭಾಗಕ್ಕೆ 750, ಹೀಗೆ ಒಟ್ಟು 1,900 ಗಂಟೆ ಕಲಿಯಬೇಕಿತ್ತು. ದೇಹ ಮತ್ತು ಎಂಜಿನ್ ಎರಡರಲ್ಲೂ ಅರ್ಹತೆ ಪಡೆದವರು ಉದ್ಯಮದ ಬಾಯಲ್ಲಿ 'ಎ ಆಂಡ್ ಪಿ'. ಶಾಲೆಗೆ ಹೋಗದೆ ಹ್ಯಾಂಗರ್‌ನಲ್ಲೇ 30 ತಿಂಗಳು ಕೆಲಸ ಮಾಡಿದ ಅನುಭವವನ್ನು ತೋರಿಸಿಯೂ ಪರೀಕ್ಷೆಗೆ ಕೂರಬಹುದು.

ಈ ಓದಿನಲ್ಲಿ ಕಲಿಯುವುದು ಸಣ್ಣ ಹರವಿನ ವಿದ್ಯೆಯಲ್ಲ. ಮೊದಲು ಗಣಿತ, ಭೌತಶಾಸ್ತ್ರ, ವಿದ್ಯುತ್, ನಕ್ಷೆ ಓದುವುದು, ವಿಮಾನದ ತೂಕ ಮತ್ತು ಸಮತೋಲದ ಲೆಕ್ಕ, ತುಕ್ಕು ತಡೆಯುವುದು. ಆಮೇಲೆ ಅಲ್ಯೂಮಿನಿಯಂ ತಗಡು ಬಗ್ಗಿಸುವುದು, ರಿವೆಟ್ ಹೊಡೆಯುವುದು, ಹೈಡ್ರಾಲಿಕ್, ಲ್ಯಾಂಡಿಂಗ್ ಗೇರ್, ಇಂಧನ, ಬೆಂಕಿ ನಿರೋಧ. ಕೊನೆಗೆ ಪಿಸ್ಟನ್ ಎಂಜಿನ್, ಟರ್ಬೈನ್, ಮ್ಯಾಗ್ನೆಟೊ, ಪ್ರೊಪೆಲ್ಲರ್. ಬೋಲ್ಟ್ ಸಡಿಲವಾಗದಂತೆ ತಂತಿ ಹೆಣೆದು ಕಟ್ಟುವ ಸೇಫ್ಟಿ ವೈರ್ ವಿದ್ಯೆಯನ್ನು ಕೈ ಒಪ್ಪುವವರೆಗೆ ಮತ್ತೆ ಮತ್ತೆ ಮಾಡಿಸುತ್ತಾರೆ. ತಂತಿಯನ್ನು ಎಳೆಯುವ ದಿಕ್ಕು ತಪ್ಪಿದರೆ ಅದು ಬೋಲ್ಟನ್ನು ಬಿಗಿಯುವ ಬದಲು ಸಡಿಲಿಸುತ್ತದೆ. ಹೀಗಾಗಿ ಕಟ್ಟಿದ್ದು ನೋಡಲು ಎಷ್ಟು ಅಚ್ಚುಕಟ್ಟಾಗಿದ್ದರೂ ದಿಕ್ಕು ತಪ್ಪಿದ್ದರೆ ಅದನ್ನು ಕತ್ತರಿಸಿ ಮೊದಲಿಂದ ಕಟ್ಟಬೇಕು. ದಿನದ ಕೊನೆಯಲ್ಲಿ ಪ್ರತಿ ಉಪಕರಣವೂ ಹಲಗೆಯ ಮೇಲೆ ತನಗೆಂದೇ ಬರೆದ ಆಕಾರದ ಜಾಗಕ್ಕೆ ಮರಳಬೇಕು. ಒಂದು ಜಾಗ ಖಾಲಿ ಉಳಿದರೂ ಯಾರೂ ಮನೆಗೆ ಹೋಗುವಂತಿಲ್ಲ. ಕಾಣೆಯಾದ ಸ್ಪ್ಯಾನರ್ ಎಂಜಿನ್ ಒಳಗೇ ಉಳಿದಿರಬಹುದು.

ಓದು ಮುಗಿದ ಮೇಲೆ ಮೂರು ಲಿಖಿತ ಪರೀಕ್ಷೆಗಳಿವೆ. ಸಾಮಾನ್ಯ ವಿಷಯದಲ್ಲಿ 60 ಪ್ರಶ್ನೆ, ಉಳಿದ ಎರಡರಲ್ಲಿ ತಲಾ 100. ಪಾಸಾಗಲು ಶೇಕಡ 70 ಬೇಕು. ಅನಂತರ ನಿಯೋಜಿತ ಪರೀಕ್ಷಕರ ಎದುರು ಮೌಖಿಕ ಮತ್ತು ಪ್ರಾಯೋಗಿಕ ಪರೀಕ್ಷೆ. ಇಲ್ಲಿ ಬಾಯಿಪಾಠ ನಡೆಯುವುದಿಲ್ಲ. ಕೈಪಿಡಿ ತೆರೆದು, ಸರಿಯಾದ ಪುಟ ಹುಡುಕಿ, ಅದು ಹೇಳಿದಂತೆಯೇ ಕೆಲಸ ಮಾಡಿ ತೋರಿಸಬೇಕು. ನೆನಪಿನ ಮೇಲೆ ಭರವಸೆ ಇಡಬಾರದೆಂಬುದು ಈ ವೃತ್ತಿಯ ಮೊದಲ ಶಿಸ್ತು.

ಅಪಘಾತಗಳು ಕಲಿಸಿದ್ದು

ಪಠ್ಯಕ್ರಮಕ್ಕೆ ಹೊಸ ಅಧ್ಯಾಯಗಳನ್ನು ಸೇರಿಸಿದ್ದು ದುರಂತಗಳು. 1979ರ ಮೇ 25ರಂದು ಷಿಕಾಗೊದ ಓಹೇರ್ ನಿಲ್ದಾಣದಿಂದ ಮೇಲೇರುತ್ತಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಎಡ ಎಂಜಿನ್ ಕಳಚಿಬಿತ್ತು. 273 ಜನ ಸತ್ತರು. ಎಂಜಿನ್ ಮತ್ತು ಅದನ್ನು ಹಿಡಿದಿಡುವ ಪೈಲಾನನ್ನು ಬೇರೆ ಬೇರೆಯಾಗಿ ಬಿಚ್ಚಬೇಕಾದ ಕಡೆ, ಸಮಯ ಉಳಿಸಲೆಂದು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್‌ನಿಂದ ಇಳಿಸಿ ಏರಿಸುವ ರೂಢಿ ಬೆಳೆದಿತ್ತು. ಆಗ ಬಿದ್ದ ಬಿರುಕೇ ಮುಂದೆ ಪೈಲಾನನ್ನು ಮುರಿಯಿತು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ, 24,000 ಅಡಿ ಎತ್ತರದಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಛಾವಣಿಯ ಸುಮಾರು 18 ಅಡಿ ಭಾಗ ಹಾರಿಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ವಿಮಾನ ಅಷ್ಟರಲ್ಲಿ 89,000ಕ್ಕೂ ಹೆಚ್ಚು ಬಾರಿ ಏರಿ ಇಳಿದಿತ್ತು. ಉಪ್ಪುಗಾಳಿ ಮತ್ತು ಲೋಹದ ದಣಿವು ಸೇರಿ ಕೀಲುಗಳನ್ನು ಸಡಿಲಿಸಿದ್ದವು. ತಪಾಸಣೆಗಳಲ್ಲಿ ಅದು ಪತ್ತೆಯಾಗಿರಲಿಲ್ಲ. ಹತ್ತುವಾಗ ಬಿರುಕನ್ನು ಕಂಡ ಪ್ರಯಾಣಿಕರೊಬ್ಬರು ಯಾರಿಗೂ ಹೇಳಿರಲಿಲ್ಲ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನ ಪೆಸಿಫಿಕ್ ಸಾಗರಕ್ಕೆ ಬಿದ್ದು 88 ಜನ ಸತ್ತದ್ದು ಬಾಲದ ಒಂದು ಸ್ಕ್ರೂಗೆ ಸಾಕಷ್ಟು ಗ್ರೀಸ್ ಸಿಗದೆ ಎಳೆಗಳು ಸವೆದುಹೋದದ್ದರಿಂದ.

ಇವುಗಳಲ್ಲಿ ವಿದ್ಯೆಯ ಕೊರತೆಗಿಂತ ಅವಸರ, ದಣಿವು, ಒತ್ತಡ, ಮೌನ ಹೆಚ್ಚಿನ ಪಾತ್ರ ವಹಿಸಿದ್ದವು. 1993ರಲ್ಲಿ ಕೆನಡಾದ ಗಾರ್ಡನ್ ಡುಪಾಂಟ್ ಮೆಕ್ಯಾನಿಕ್‌ಗಳನ್ನು ತಪ್ಪಿಗೆ ದೂಡುವ ಹನ್ನೆರಡು ಕಾರಣಗಳನ್ನು ಪಟ್ಟಿ ಮಾಡಿದರು. 'ಡರ್ಟಿ ಡಜನ್' ಎಂಬ ಆ ಪಟ್ಟಿಯಲ್ಲಿ ದಣಿವು, ಗಮನಭಂಗ, ಅತಿ ವಿಶ್ವಾಸದ ಜತೆಗೆ ಹೇಳಬೇಕಾದ್ದನ್ನು ಹೇಳುವ ದಿಟ್ಟತನದ ಅಭಾವವೂ ಇದೆ. ಇಂದು ಅದು ತರಗತಿಯ ಗೋಡೆಗಳ ಮೇಲಿದೆ. ಇದು ಸರಿಯಿಲ್ಲ, ನಾನು ಸಹಿ ಹಾಕುವುದಿಲ್ಲ ಎಂದು ಮೇಲಿನವರಿಗೆ ಹೇಳುವ ಧೈರ್ಯವೂ ಕಲಿಸಬೇಕಾದ ಕೌಶಲ ಎಂದು ಒಪ್ಪಿಕೊಂಡದ್ದು ಈ ಶಿಕ್ಷಣ ಇಟ್ಟ ಅತಿ ದೊಡ್ಡ ಹೆಜ್ಜೆ.

ಗಂಟೆಯಿಂದ ಸಾಮರ್ಥ್ಯಕ್ಕೆ

ಅಷ್ಟರಲ್ಲಿ ಭಾಗ 147 ಹಳೆಯದಾಗಿತ್ತು. ಕಾರ್ಬನ್ ನಾರಿನ ದೇಹದ, ಕಂಪ್ಯೂಟರ್ ನಡೆಸುವ ವಿಮಾನಗಳ ಕಾಲದಲ್ಲೂ ಮರದ ಚೌಕಟ್ಟು, ಬಟ್ಟೆಯ ಹೊದಿಕೆಗಳ ಪಾಠಕ್ಕೆ ಗಂಟೆ ಎಣಿಸಬೇಕಿತ್ತು. ಚುರುಕಾದ ವಿದ್ಯಾರ್ಥಿಯೂ ನಿಧಾನದ ವಿದ್ಯಾರ್ಥಿಯೂ ಅಷ್ಟೇ ಹೊತ್ತು ಕೂರಬೇಕಿತ್ತು. ಶಾಲೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಬದಲಾವಣೆಗೆ ಆದೇಶ ನೀಡಿತು. ಹೊಸ ನಿಯಮ ಪ್ರಕಟವಾದದ್ದು ಚಾರ್ಲ್ಸ್ ಟೇಲರ್ ಹುಟ್ಟಿದ ದಿನವಾದ ಮೇ 24ರಂದು, 2022ರಲ್ಲಿ. ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅದು ಗಂಟೆಗಳ ಲೆಕ್ಕವನ್ನು ಕೈಬಿಟ್ಟಿತು. ಅದರ ಬದಲು ಪ್ರತಿ ವಿಷಯದಲ್ಲೂ ತಿಳಿವಳಿಕೆ, ಅಪಾಯ ನಿರ್ವಹಣೆ, ಕೈಚಳಕ ಎಂಬ ಮೂರು ನೆಲೆಗಳ ಮಾನದಂಡ ಬಂತು. ಅಪಾಯವನ್ನು ಮೊದಲೇ ಗುರುತಿಸುವುದು ಪರೀಕ್ಷೆಯ ವಿಷಯವಾಯಿತು. ಶಾಲೆಗಳು ತಮ್ಮ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇಕಡ 70 ಮಂದಿ ಪಾಸಾಗುವಂತೆ ನೋಡಿಕೊಳ್ಳಬೇಕಾಯಿತು.

ಭಾರತದ ದಾರಿ ಬೇರೆ. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಯುರೋಪಿನ ಮಾದರಿಗೆ ಹತ್ತಿರವಾಗಿ, ಯಾಂತ್ರಿಕ ಭಾಗಕ್ಕೆ ಬಿ1, ವಿದ್ಯುನ್ಮಾನ ಭಾಗಕ್ಕೆ ಬಿ2 ಎಂದು ಲೈಸೆನ್ಸನ್ನು ವಿಂಗಡಿಸಿದೆ. ಈ ಓದು ಇಲ್ಲಿ ಬಹುಪಾಲು ಖಾಸಗಿ ಸಂಸ್ಥೆಗಳ ಕೈಯಲ್ಲಿದೆ. ವಿಮಾನ ಉದ್ಯಮಕ್ಕೆ ಹೆಸರಾದ ಬೆಂಗಳೂರಿನ ಸುತ್ತಲ ತಾಲ್ಲೂಕುಗಳ ಬಡ ಮನೆಯ ಮಕ್ಕಳಿಗೆ ಈ ವೃತ್ತಿ ಎಷ್ಟು ಹತ್ತಿರದಲ್ಲಿದೆ ಎಂದು ನಾವು ಕೇಳಿಕೊಳ್ಳಲೇಬೇಕು.

ಮುಂದಿನ ದಾರಿ

2023ರ ಅಂದಾಜಿನಲ್ಲಿ ಬೋಯಿಂಗ್ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಜಗತ್ತಿಗೆ 6,90,000 ಹೊಸ ನಿರ್ವಹಣಾ ತಂತ್ರಜ್ಞರು ಬೇಕೆಂದು ಹೇಳಿತು. ಅಮೆರಿಕದ ಮೆಕ್ಯಾನಿಕ್‌ಗಳಲ್ಲಿ ದೊಡ್ಡ ಪಾಲು ನಿವೃತ್ತಿಯ ಅಂಚಿನಲ್ಲಿದೆ. ಅವರಲ್ಲಿ ಮಹಿಳೆಯರು ನೂರಕ್ಕೆ ಮೂವರ ಆಸುಪಾಸಿನಲ್ಲಷ್ಟೇ ಇದ್ದಾರೆ. ಹ್ಯಾಂಗರ್‌ನಲ್ಲಿ ಸಿಗುವ ಸಂಬಳಕ್ಕೆ ಕಾಲೇಜಿನ ಸಂಬಳ ಸಾಟಿಯಾಗದ್ದರಿಂದ ಅನುಭವಿ ಬೋಧಕರನ್ನು ಹುಡುಕುವುದು ಕಷ್ಟವಾಗಿದೆ.

ಇಂಥ ಹೊತ್ತಿನಲ್ಲಿ ತರಬೇತಿಯನ್ನು ಆದಷ್ಟು ಬೇಗ ಮುಗಿಸಿ ಕೈಗಳನ್ನು ಹ್ಯಾಂಗರ್‌ಗೆ ಕಳುಹಿಸುವ ಆಸೆ ಎಲ್ಲ ಕಡೆ ಹುಟ್ಟುತ್ತದೆ. ಗಂಟೆಗಳ ಕಟ್ಟು ಬಿಚ್ಚಿದ್ದು ಒಳ್ಳೆಯದೇ. ಆದರೆ ಆ ಸ್ವಾತಂತ್ರ್ಯವನ್ನು ಪಾಠ ಕಡಿತಗೊಳಿಸಲು ಬಳಸಿದರೆ, ಸಮಯ ಉಳಿಸಲು ಹೊರಟು 273 ಜನರನ್ನು ಕಳೆದುಕೊಂಡ ತಪ್ಪನ್ನೇ ಶಿಕ್ಷಣದಲ್ಲೂ ಮಾಡಿದಂತಾಗುತ್ತದೆ. ಉಳಿದ ಗಂಟೆಗಳು ಕಾಂಪೋಸಿಟ್ ದುರಸ್ತಿಗೆ, ವಿದ್ಯುನ್ಮಾನ ವ್ಯವಸ್ಥೆಗಳಿಗೆ, ತಪ್ಪನ್ನು ಮುಚ್ಚಿಡದೆ ಹೇಳುವ ಅಭ್ಯಾಸಕ್ಕೆ ಸಲ್ಲಬೇಕು. ಉದ್ಯಮದ ಅಗತ್ಯಕ್ಕಿಂತ ಪ್ರಯಾಣಿಕರ ಜೀವವನ್ನು ಮುಂದಿಟ್ಟು ಕಲಿಸುವ ಸ್ವಾತಂತ್ರ್ಯ ಸಾರ್ವಜನಿಕ ಹಣದಿಂದ ನಡೆಯುವ ಕಾಲೇಜಿಗೆ ಇದೆ. ಅದಕ್ಕೆ ಕೊಡುವ ಅನುದಾನವನ್ನು ವಿಮಾನ ಸುರಕ್ಷತೆಯ ವೆಚ್ಚವೆಂದೇ ಸರ್ಕಾರಗಳು ಲೆಕ್ಕಕ್ಕೆ ಬರೆದುಕೊಳ್ಳಬೇಕು.