ಮಣೆಯ ಮೇಲಿನ ಯುದ್ಧಕ್ಕೆ ಕರೆಯೋಲೆ

ಚದುರಂಗ ಕಲಿಯಲು ಹಣ ಬೇಕಿಲ್ಲ. ಮಣೆ ಇಲ್ಲದಿದ್ದರೆ ಜಗಲಿಯ ಮೇಲೆ ಸೀಮೆಸುಣ್ಣದಿಂದ ಅರವತ್ತನಾಲ್ಕು ಮನೆ ಬರೆದುಕೊಂಡರಾಯಿತು. ಶಿವಮೊಗ್ಗದ ರಾಗಿಗುಡ್ಡದ ಹುಡುಗನೊಬ್ಬ ಕುದುರೆಯ ನಡೆಯನ್ನು ಚೆನ್ನೈನ ಹುಡುಗನಷ್ಟೇ ಬೇಗ ಕಲಿಯಬಲ್ಲ. ಇಬ್ಬರ ನಡುವಣ ಅಂತರ ಗೊತ್ತಾಗುವುದು ಆಟ ಕಲಿತ ಮೇಲೆ, ದೊಡ್ಡ ಪಂದ್ಯಾವಳಿಯ ಬಾಗಿಲಿಗೆ ಬಂದು ನಿಂತಾಗ. ಏಕೆಂದರೆ ಈ ಆಟದ ಅತ್ಯುನ್ನತ ಪಂದ್ಯಾವಳಿಗಳು ಆಹ್ವಾನಿತರಿಗೆ ಮಾತ್ರ ಮೀಸಲು. ಕರೆಯೋಲೆ ಯಾರಿಗೆ, ಯಾವ ಲೆಕ್ಕದ ಮೇಲೆ ಸಿಗಬೇಕು ಎಂಬ ಪ್ರಶ್ನೆಗೂ ಆಟದಷ್ಟೇ ಕುತೂಹಲಕರವಾದ ಚರಿತ್ರೆಯಿದೆ.

ಚತುರಂಗ ಎಂದರೆ ಸೈನ್ಯದ ನಾಲ್ಕು ಅಂಗಗಳು: ರಥ, ಗಜ, ತುರಗ, ಪದಾತಿ. ಹೆಸರೇ ಹೇಳುವಂತೆ ಇದು ಪುಟ್ಟ ಗೊಂಬೆಗಳಲ್ಲಿ ಆಡುವ ಯುದ್ಧ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಚದುರಂಗದ ವಿವರಣೆಯೂ ಬರುತ್ತದೆ. ಗಮನಿಸಬೇಕಾದುದು, ಇದು ‘ರಾಜನ’ ವಿನೋದ. ಆಸ್ಥಾನದಲ್ಲಿ ಅರಸನೆದುರು ಕುಳಿತು ಆಡಬೇಕಾದರೆ ಅರಸನೇ ಕರೆಯಬೇಕು. ಊರ ದೇವಸ್ಥಾನದ ಕಲ್ಲುಚಪ್ಪಡಿಯ ಮೇಲೆ ಗೀರಿದ ಹುಲಿ–ಕುರಿ ಆಟಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಚದುರಂಗದ ಚರಿತ್ರೆಯಲ್ಲಿ ಕನ್ನಡ ನಾಡಿನ ದೊಡ್ಡ ಹೆಸರು ಮುಮ್ಮಡಿ ಕೃಷ್ಣರಾಜ ಒಡೆಯರದು (1794–1868). ಈ ಕಥೆಗೆ ಶಿವಮೊಗ್ಗದ ನಂಟೂ ಇದೆ. ಕಂದಾಯದ ಭಾರ ಮತ್ತು ಅಧಿಕಾರಿಗಳ ಕಿರುಕುಳ ತಾಳಲಾರದೆ 1830ರಲ್ಲಿ ನಗರ ಸೀಮೆಯ, ಎಂದರೆ ಇಂದಿನ ಶಿವಮೊಗ್ಗ ಭಾಗದ, ರೈತರು ಕೂಟ ಕಟ್ಟಿ ದಂಗೆಯೆದ್ದರು. ಬೂದಿ ಬಸವಪ್ಪ ಎಂಬಾತ ನಗರದ ದೊರೆತನ ತನ್ನದೆಂದು ಮುಂದೆ ಬಂದ. ತರೀಕೆರೆಯ ಪಾಳೆಯಗಾರರೂ ಕೈಜೋಡಿಸಿದರು. ಅದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನು ಒಡೆಯರ ಕೈಯಿಂದ ಕಿತ್ತುಕೊಂಡ. ಒಡೆಯರು ಬದುಕಿರುವತನಕ ಅದು ಹಿಂದಿರುಗಲಿಲ್ಲ.

ನಿಜವಾದ ಸೈನ್ಯ ಕೈತಪ್ಪಿದ ಅರಸ ಮಣೆಯ ಸೈನ್ಯದಲ್ಲಿ ಮನಸ್ಸಿಟ್ಟರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ನ್ಯಾಯವಾಗದು. ಅವರ ಪಾಂಡಿತ್ಯಾಸಕ್ತಿ ಅಷ್ಟು ಸಣ್ಣದಲ್ಲ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಮಣೆಯಾಟ, ಗಂಜೀಫಾ ಮೊದಲಾದ ಕ್ರೀಡೆಗಳಿಗೇ ಮೀಸಲು. ಕುದುರೆ ಒಂದು ಮನೆಗೂ ಎರಡನೆಯ ಸಲ ಕಾಲಿಡದೆ ಇಡೀ ಮಣೆ ಸುತ್ತಿಬರುವ ಸಮಸ್ಯೆ ಅವರಿಗೆ ಬಲು ಪ್ರಿಯ. ಮೊದಲ ಮನೆಗೆ ಒಂದು, ಮುಂದಿನದಕ್ಕೆ ಎರಡು ಎಂದು ಅಂಕಿ ಹಾಕುತ್ತ ಹೋದರೆ ಸಾಲುಗಳ ಮೊತ್ತ ಸಮನಾಗಿ ಮಾಯಾಚೌಕವಾಗುವ ನಡೆಗಳನ್ನೂ ಅವರು ರಚಿಸಿದರು. ಈ ಸಮಸ್ಯೆಯ ಚರಿತ್ರೆ ಬರೆದ ಪಾಶ್ಚಾತ್ಯ ವಿದ್ವಾಂಸರೂ ಮೈಸೂರಿನ ಮಹಾರಾಜರನ್ನು ಹೆಸರಿಸುತ್ತಾರೆ.

ಇತ್ತ ಯುರೋಪಿನಲ್ಲಿ ಅದೇ ಚದುರಂಗದಿಂದ ಬೇರೊಂದು ಕವಲು ಒಡೆದಿತ್ತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬ ಪಂಡಿತ ಚದುರಂಗದ ಮಣೆಯನ್ನೇ 1617 ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ಕಾಡು, ನೀರಿಗೆ ಬೇರೆ ಬೇರೆ ಬಣ್ಣ ಕೊಟ್ಟು ಯುದ್ಧದಾಟ ರಚಿಸಿದ. ಪ್ರಷ್ಯದ ರೈಸ್‌ವಿಟ್ಜ್ 1812ರಲ್ಲಿ ತನ್ನ ದೊರೆಗೆ ಇಂಥದೇ ಆಟದ ಮೇಜೊಂದನ್ನು ಒಪ್ಪಿಸಿದ. ಅವನ ಮಗ 1824ರಲ್ಲಿ ಮನೆಗಳನ್ನೇ ಕೈಬಿಟ್ಟು ನಕಾಶೆ, ದಾಳ ಮತ್ತು ತೀರ್ಪುಗಾರನನ್ನು ತಂದ. ಸೇನಾಧಿಕಾರಿಗಳ ತರಬೇತಿಗೆ ಅದು ಪಾಠವಾಯಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆಯ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ ಆಡುವ ನಿಯಮಗಳನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಆಟ ಮನೆಗೆ ಬಂತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಕಂಪನಿಯೊಂದು 1983ರಿಂದ ಮಾರುತ್ತಿರುವ ‘ವಾರ್‌ಹ್ಯಾಮರ್’ ಇದರ ಮೊಮ್ಮಗ. ಬಣ್ಣ ಬಳಿದ ಬೆರಳುದ್ದದ ಯೋಧರನ್ನು ಮೇಜಿನ ಮೇಲೆ ಅಳತೆಪಟ್ಟಿಯಿಂದ ಅಳೆದು ಮುಂದೊತ್ತುವ ಈ ಆಟಕ್ಕೆ 2023ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ವಿಶ್ವ ಪಂದ್ಯಾವಳಿ ನಡೆಯಿತು. ಹಣ ಕೊಟ್ಟು ಹೆಸರು ನೋಂದಾಯಿಸಿದರೆ ಸಾಲದು. ಗೊತ್ತುಪಡಿಸಿದ ಪಂದ್ಯಾವಳಿಗಳಲ್ಲಿ ಗೆದ್ದು ‘ಗೋಲ್ಡನ್ ಟಿಕೆಟ್’ ಸಂಪಾದಿಸಬೇಕು. ಕವಲು ಬೇರೆಯಾದರೂ ಪ್ರಶ್ನೆ ಒಂದೇ: ಒಳಗೆ ಯಾರು?

ಚದುರಂಗಕ್ಕೇ ಮರಳೋಣ. 1851ರಲ್ಲಿ ಲಂಡನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಾಗ ಆಡಿದವರು ಹದಿನಾರು ಮಂದಿ. ಆಗ ರೇಟಿಂಗ್ ಇಲ್ಲ, ಅರ್ಹತಾ ಸುತ್ತಿಲ್ಲ. ಹೆಸರು ಕೇಳಿದವರನ್ನು ಕರೆದರು, ಅಷ್ಟೆ. ಈ ಪದ್ಧತಿಯ ಗುಣದೋಷವೆರಡನ್ನೂ ಕಾಣಬೇಕಾದರೆ ಮೀರ್ ಸುಲ್ತಾನ್ ಖಾನರ ಬಾಳನ್ನು ನೋಡಬೇಕು. ಪಂಜಾಬಿನ ಈ ಆಟಗಾರ ಜಮೀನ್ದಾರ ಸರ್ ಉಮರ್ ಹಯಾತ್ ಖಾನರ ಸೇವೆಯಲ್ಲಿದ್ದವರು. ಅವರು ಕಲಿತದ್ದು ದೇಶೀ ಚದುರಂಗ. ಅದರಲ್ಲಿ ಪದಾತಿ ಮೊದಲ ನಡೆಯಲ್ಲಿ ಎರಡು ಮನೆ ಜಿಗಿಯುವಂತಿಲ್ಲ, ರಾಜ ಮಾತ್ರ ಒಮ್ಮೆ ಕುದುರೆಯಂತೆ ನೆಗೆಯಬಹುದು. 1929ರಲ್ಲಿ ಯಜಮಾನರ ಜೊತೆ ಲಂಡನ್‌ಗೆ ಹೋದ ಸುಲ್ತಾನ್ ಖಾನ್ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. 1933ರಲ್ಲಿ ಯಜಮಾನರು ಸ್ವದೇಶಕ್ಕೆ ಹೊರಟರು; ಸುಲ್ತಾನ್ ಖಾನರೂ ಹೊರಟರು. ಅಲ್ಲಿಗೆ ಅವರ ಅಂತರರಾಷ್ಟ್ರೀಯ ಆಟ ಮುಗಿಯಿತು. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚದುರಂಗ ಸಂಸ್ಥೆ ‘ಫಿಡೆ’ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ! ಬಾಗಿಲು ತೆರೆದದ್ದೂ ಯಜಮಾನರ ಮರ್ಜಿ, ಮುಚ್ಚಿದ್ದೂ ಅವರ ಮರ್ಜಿ.

ಎರಡನೆಯ ಮಹಾಯುದ್ಧದ ನಂತರ ಫಿಡೆ ಮರ್ಜಿಯ ಜಾಗದಲ್ಲಿ ಮೆಟ್ಟಿಲುಗಳನ್ನು ಕಟ್ಟಿತು. ಮೊದಲು ವಲಯ, ಆಮೇಲೆ ಅಂತರವಲಯ, ಕೊನೆಗೆ ವಿಶ್ವ ಚಾಂಪಿಯನ್ನನಿಗೆ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್. ಅದರ ಮೊದಲ ಪಂದ್ಯಾವಳಿ 1950ರಲ್ಲಿ ಬುಡಾಪೆಸ್ಟ್‌ನಲ್ಲಿ. ತಮಿಳುನಾಡಿನ ಮ್ಯಾನುಯಲ್ ಆರನ್ ವಲಯದ ಮೆಟ್ಟಿಲು ಹತ್ತಿ 1962ರಲ್ಲಿ ಸ್ಟಾಕ್‌ಹೋಮ್‌ನ ಅಂತರವಲಯ ಪಂದ್ಯಾವಳಿಗೆ ಹೋದರು. ಪಟ್ಟಿಯಲ್ಲಿ ಕೆಳಗೆ ಉಳಿದರೂ ಹಂಗೆರಿಯ ಪೋರ್ಟಿಶ್, ಜರ್ಮನಿಯ ಉಲ್ಮನ್ ಅವರಂಥವರನ್ನು ಸೋಲಿಸಿ ಬಂದರು. 1970ರಲ್ಲಿ ಫಿಡೆ ಪ್ರೊ. ಏಲೋ ಅವರ ರೇಟಿಂಗ್ ಪದ್ಧತಿಯನ್ನು ಒಪ್ಪಿಕೊಂಡಿತು. ಯಾರನ್ನು ಸೋಲಿಸಿದಿರಿ ಎಂಬುದರ ಮೇಲೆ ನಿಮ್ಮ ಬೆಲೆ ಈಗ ಒಂದು ಅಂಕಿ. ಅಂಕಿಗೆ ಜಾತಿಯಿಲ್ಲ, ಯಜಮಾನನಿಲ್ಲ.

ಹಾಗೆಂದು ಅದಕ್ಕೆ ಖರ್ಚಿಲ್ಲವೆಂದಲ್ಲ. ಗ್ರ್ಯಾಂಡ್‌ಮಾಸ್ಟರ್ ಪದವಿಯ ಲೆಕ್ಕ ನೋಡಿ. ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಜೊತೆಗೆ ‘ನಾರ್ಮ್’ಗಳು, ಸಾಮಾನ್ಯವಾಗಿ ಮೂರು, ಒಟ್ಟು ಕನಿಷ್ಠ 27 ಆಟಗಳಷ್ಟು ಬೇಕು. ಒಂದು ನಾರ್ಮ್ ಎಂದರೆ ಒಂದು ಪಂದ್ಯಾವಳಿಯಲ್ಲಿ 2600ರ ಮಟ್ಟದ ಸಾಧನೆ. ಅದೂ ಯಾರ ಮೇಲಾದರೂ ಸರಿ ಎಂದಲ್ಲ. ಎದುರಾಳಿಗಳ ಸರಾಸರಿ ರೇಟಿಂಗ್ 2380ಕ್ಕೆ ಕಡಿಮೆ ಇರಬಾರದು, ಅವರಲ್ಲಿ ಮೂರರಲ್ಲೊಂದು ಭಾಗ ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಸಾಮಾನ್ಯವಾಗಿ ಬೇರೆ ದೇಶಗಳವರೂ ಇರಬೇಕು. ಶಿವಮೊಗ್ಗದಲ್ಲಿ ಕುಳಿತು ಇಂಥ ಒಂಬತ್ತು ಎದುರಾಳಿಗಳನ್ನು ಎಲ್ಲಿಂದ ತರುವುದು? ಅವರಿರುವಲ್ಲಿಗೆ ಹೋಗಬೇಕು. ವಿಮಾನದ ಟಿಕೆಟ್, ವೀಸಾ, ಹೋಟೆಲು, ತರಬೇತುದಾರನ ಸಂಬಳ. ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ತಪ್ಪಿದರೆ ನಾರ್ಮ್ ಇಲ್ಲ, ಖರ್ಚು ಮಾತ್ರ ಇದೆ. ಆಟದ ನಿಯಮಗಳಲ್ಲಿ ಎಲ್ಲೂ ಬರೆಯದ ಅರ್ಹತೆ ಇದು.

ಕರ್ನಾಟಕ ಇಲ್ಲಿ ತಡವರಿಸಿದ್ದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಆ ಪದವಿ ಪಡೆದದ್ದು 2017ರಲ್ಲಿ. ನಡುವೆ ಇಪ್ಪತ್ತೊಂಬತ್ತು ವರ್ಷ! ಮುಮ್ಮಡಿಯವರ ಊರಿಗೇ ಇಷ್ಟು ಕಾಯಬೇಕಾಯಿತು. ತೇಜ್‌ಕುಮಾರ್ ರೈಲ್ವೆ ಉದ್ಯೋಗಿ; ಮೂವತ್ತು ದಾಟಿದ ಮೇಲೆ ಪದವಿ ಮುಟ್ಟಿದವರು. ಈ ಆಟದಲ್ಲಿ ಹದಿಹರೆಯದಲ್ಲೇ ಪದವಿ ಪಡೆಯುವವರ ನಡುವೆ ಅದು ಸಣ್ಣ ಸಂಗತಿಯಲ್ಲ. ಮರುವರ್ಷವೇ, 2018ರಲ್ಲಿ, ರಾಜ್ಯದ ಎರಡನೆಯ ಗ್ರ್ಯಾಂಡ್‌ಮಾಸ್ಟರ್ ಬಂದರು. ಅವರು ರಾಜಧಾನಿಯವರಲ್ಲ, ಶಿವಮೊಗ್ಗದ ಜಿ.ಎ. ಸ್ಟ್ಯಾನಿ.

ಬಾಗಿಲಿಗೆ ಹೋಗುವ ಬದಲು ಬಾಗಿಲನ್ನೇ ಊರಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ರಾಜ್ಯದಲ್ಲಿ ತಾಜಾ ನಿದರ್ಶನವಿದೆ. 2023ರ ಕೊನೆಯಲ್ಲಿ ಕ್ಯಾಂಡಿಡೇಟ್ಸ್‌ನ ಒಂದು ಸ್ಥಾನ ವರ್ಷವಿಡೀ ಗಳಿಸಿದ ‘ಸರ್ಕ್ಯೂಟ್’ ಅಂಕಗಳ ಮೇಲೆ ನಿಂತಿತ್ತು. ಡಿ. ಗುಕೇಶ್ ಅವರಿಗೆ ಇನ್ನಷ್ಟು ಅಂಕ ಬೇಕಿತ್ತು, ಉಳಿದದ್ದು ಕೆಲವೇ ದಿನ. ತಮಿಳುನಾಡು ಸರ್ಕಾರದ ನೆರವಿನಿಂದ ಡಿಸೆಂಬರ್‌ನಲ್ಲಿ ಅವಸರವಾಗಿ ‘ಚೆನ್ನೈ ಗ್ರ್ಯಾಂಡ್ ಮಾಸ್ಟರ್ಸ್’ ಏರ್ಪಾಟಾಯಿತು: ಎಂಟು ಆಹ್ವಾನಿತರು, ಏಳು ಸುತ್ತು. ಗುಕೇಶ್ ಗೆದ್ದು ಸ್ಥಾನ ಪಡೆದರು. ಇದು ನ್ಯಾಯವೇ ಎಂದು ಹಲವರು ಕೇಳಿದರು, ಪ್ರಶ್ನೆ ಅಸಂಬದ್ಧವೇನಲ್ಲ. ಅದೇ ತಿಂಗಳು ಫ್ರಾನ್ಸಿನ ಅಲಿರೆಜಾ ಫಿರೋಜಾ ಅವರ ರೇಟಿಂಗ್ ಏರಿಸಲೆಂದು ಅವಸರದಲ್ಲಿ ಏರ್ಪಡಿಸಿದ ಕೆಲವು ಆಟಗಳನ್ನು ಫಿಡೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚೆನ್ನೈನಲ್ಲಿ ಎದುರಾಳಿಗಳು ಬಲಿಷ್ಠರಾಗಿದ್ದರು, ಗೆಲುವನ್ನು ಮಣೆಯ ಮೇಲೇ ಸಂಪಾದಿಸಬೇಕಾಗಿತ್ತು. ನನ್ನ ಮಟ್ಟಿಗೆ ವ್ಯತ್ಯಾಸ ಇರುವುದು ಅಲ್ಲಿ. 2024ರ ಏಪ್ರಿಲ್‌ನಲ್ಲಿ ಟೊರಾಂಟೊದ ಕ್ಯಾಂಡಿಡೇಟ್ಸ್ ಗೆದ್ದ ಗುಕೇಶ್ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು.

ಕರ್ನಾಟಕದಲ್ಲೂ ಒಂದು ಬಾಗಿಲು ತೆರೆದಿದೆ. 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಗ್ರ್ಯಾಂಡ್‌ಮಾಸ್ಟರ್ಸ್ ಓಪನ್ ಪಂದ್ಯಾವಳಿ ನಡೆದು, ಹೊರದೇಶಗಳ ಗ್ರ್ಯಾಂಡ್‌ಮಾಸ್ಟರ್‌ಗಳು ಇಲ್ಲಿಗೇ ಬಂದು ಆಡಿದರು. ಅಂಥ ಪಂದ್ಯಾವಳಿ ಇದ್ದ ವರ್ಷ ರಾಗಿಗುಡ್ಡದ ಆಟಗಾರನಿಗೆ ವೀಸಾ ಬೇಡ. ಶಿವಮೊಗ್ಗ ನಿಲ್ದಾಣದಲ್ಲಿ ರಾತ್ರಿಯ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು.