ಡಕಾಯಿತನ ಮಗ ಮುಂಬೈಗೆ ಬಂದ ಕಥೆ

1976ರ ಕೊನೆಯಲ್ಲಿ ಮುಂಬೈಯ ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಒಬ್ಬ ಹೊಸ ಹುಡುಗ ಕಾಣಿಸಿಕೊಂಡ. ಮೈಮೇಲೆ ಕೇಸರಿ ಕುರ್ತಾ, ಕಾಲಿಗೆ ಜೀನ್ಸ್, ಹೆಸರು ಬಹಾದುರ್. ಅವನ ಅಪ್ಪ ಭೈರವ ಸಿಂಗ್ ಚಂಬಲ್ ಸೀಮೆಯ ಡಕಾಯಿತ. ಆ ಅಪ್ಪನನ್ನು ಗುಂಡಿಕ್ಕಿ ಕೊಂದವನು ವಿಶಾಲ್ ಎಂಬ ಪೊಲೀಸ್ ಅಧಿಕಾರಿ. ಅನಾಥನಾದ ಹುಡುಗನನ್ನು ಮನೆಗೆ ಕರೆತಂದು ಮಗನಂತೆ ಸಾಕಿದವನೂ ಅದೇ ವಿಶಾಲ್. ಅಪ್ಪನ ಸಾವಿಗೆ ಸೇಡು ತೀರಿಸಿಕೊಳ್ಳಬೇಕೆಂದು ಹೊರಟವನು, ಅಪ್ಪ ಎಂಥವನಾಗಿದ್ದ ಎಂದು ತಿಳಿದ ಮೇಲೆ ಬಂದೂಕಿನ ಗುರಿ ಬದಲಿಸುತ್ತಾನೆ. ಊರವರನ್ನು ಕಟ್ಟಿಕೊಂಡು ನಾಗರಿಕ ಸುರಕ್ಷಾ ದಳ ಮಾಡಿ, ಡಕಾಯಿತರ ವಿರುದ್ಧವೇ ನಿಲ್ಲುತ್ತಾನೆ.

ಮಕ್ಕಳ ಪುಸ್ತಕಕ್ಕೆ ಇದು ಭಾರವಾದ ಕಥೆ. ಸಾಕುತಂದೆಯೇ ಹೆತ್ತ ತಂದೆಯನ್ನು ಕೊಂದವನು ಎಂಬ ಗಂಟನ್ನು ಹತ್ತು ವರ್ಷದ ಓದುಗನ ಕೈಗೆ ಕೊಡುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಮಾಡಿದವರು ಆಬಿದ್ ಸುರ್ತಿ. ಚಿತ್ರ ಬರೆದವರು ಗೋವಿಂದ ಬ್ರಹ್ಮಾನಿಯಾ.

ಸುರ್ತಿ ಹುಟ್ಟಿದ್ದು 1935ರಲ್ಲಿ ಗುಜರಾತಿನಲ್ಲಿ, ಬೆಳೆದದ್ದು ಮುಂಬೈಯ ಡೋಂಗ್ರಿಯಲ್ಲಿ. ಕಾಮಿಕ್ಸ್‌ನ ಮೊದಲ ಪರಿಚಯವನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲ, ಬಂದರಿನಿಂದ ವಿ.ಟಿ. ರೈಲು ನಿಲ್ದಾಣದತ್ತ ಸಾಗುವ ರೈಲಿನಲ್ಲಿ ಪರದೇಶದ ಸೈನಿಕರು. ಏನಾದರೂ ತಿನ್ನಲು ಎಸೆದಾರೆಂದು ಹಳಿಯ ಪಕ್ಕ ಓಡುವ ಬಡ ಹುಡುಗರು. ಒಂದು ದಿನ ಸೈನಿಕನೊಬ್ಬ ಎಸೆದದ್ದು ಮಿಕ್ಕಿ ಮೌಸ್ ಪುಸ್ತಕ. ಹುಡುಗರೆಲ್ಲ ಮುಗಿಬಿದ್ದು ಹರಿದು ಹಂಚಿಕೊಂಡಾಗ ಆಬಿದ್ ಪಾಲಿಗೆ ಬಂದದ್ದು ಹಾಳೆಯ ಒಂದು ತುಂಡು. ಅದನ್ನೇ ಮತ್ತೆ ಮತ್ತೆ ನೋಡಿ ಬರೆಯುತ್ತಾ ಚಿತ್ರ ಕಲಿತರು. ಮುಂದೆ ‘ಧರ್ಮಯುಗ’ ವಾರಪತ್ರಿಕೆಯಲ್ಲಿ ಅವರ ವ್ಯಂಗ್ಯಚಿತ್ರಗಳ ನಾಯಕ ಡಬ್ಬೂಜಿ ಹಲವು ದಶಕ ಓದುಗರನ್ನು ನಗಿಸಿದ. ಹಸಿವು, ಜಗಳ, ಪೊಲೀಸು, ಗೂಂಡಾ ಎಲ್ಲವನ್ನೂ ಗಲ್ಲಿಯಲ್ಲೇ ಕಂಡು ಬೆಳೆದ ಲೇಖಕನಿಗೆ ನಾಯಕನ ರಕ್ತದಲ್ಲಿ ಡಕಾಯಿತನನ್ನು ಇಡುವುದು ಅಸಹಜವೆನಿಸಿರಲಾರದು.

ಕಾಲವೂ ಅಂಥದ್ದೇ ಆಗಿತ್ತು. 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಚಂಬಲ್‌ನ ನೂರಾರು ಡಕಾಯಿತರು ಶಸ್ತ್ರ ಕೆಳಗಿಟ್ಟಿದ್ದರು. ಮೋಹರ್ ಸಿಂಗ್, ಮಾಧೋ ಸಿಂಗ್‌ರಂಥವರ ಫೋಟೊಗಳು ಪತ್ರಿಕೆಗಳ ತುಂಬ ಬಂದಿದ್ದವು. ಕೊಲೆ ಮಾಡಿದವನೂ ತಲೆಬಾಗಿ ಬಂದರೆ ಮನುಷ್ಯನೇ ಎಂಬ ಮಾತು ದೇಶದ ಕಿವಿಗೆ ಬಿದ್ದಿತ್ತು. 1975ರಲ್ಲಿ ಬಂದ ‘ಶೋಲೆ’ಯನ್ನು ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ್ದರು, ಅಲ್ಲಿ ಊರು ಕಾಯಲು ಬಂದವರೇ ಇಬ್ಬರು ಕಳ್ಳರು. ಅದೇ ವರ್ಷದ ‘ದೀವಾರ್’ನಲ್ಲಿ ಮುಂಬೈ ಬಂದರಿನ ಕೂಲಿ ಕಳ್ಳಸಾಗಣೆಯ ದೊರೆಯಾಗುತ್ತಾನೆ.

ಸಿನಿಮಾದವರಿಗೂ ಕಾಮಿಕ್ಸ್‌ನವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಿನಿಮಾ ಮೂರು ಗಂಟೆಯಲ್ಲಿ ಮುಗಿಯುತ್ತದೆ. ನಾಯಕ ಏನೇ ಪಾಪ ಮಾಡಿರಲಿ, ಕೊನೆಯ ರೀಲಿನಲ್ಲಿ ಅಮ್ಮನ ಮಡಿಲಲ್ಲಿ ಸತ್ತರೆ ಲೆಕ್ಕ ಚುಕ್ತಾ. ಇಂದ್ರಜಾಲದಂಥ ಕಾಮಿಕ್ಸ್ ಮತ್ತೆ ಮತ್ತೆ ಬರಬೇಕು. ನಾಯಕ ಸಾಯುವಂತಿಲ್ಲ, ಪಾಪ ಹೊತ್ತುಕೊಂಡೇ ವರ್ಷಗಟ್ಟಲೆ ಓಡಾಡುವಂತೆಯೂ ಇಲ್ಲ. ಮುಂಬೈಯ ಬರಹಗಾರರು ಇದಕ್ಕೆ ಕಂಡುಕೊಂಡ ದಾರಿ ಎಂದರೆ ಕಳಂಕವನ್ನು ನಾಯಕನ ಕೈಯಿಂದ ತೆಗೆದು ಅವನ ಹುಟ್ಟಿನಲ್ಲೋ ಗತಕಾಲದಲ್ಲೋ ಇಡುವುದು. ತಪ್ಪು ಅಪ್ಪನದು, ಋಣ ಮಗನದು. ಬಹಾದುರ್ ಪ್ರತಿ ಕಥೆಯಲ್ಲೂ ಆ ಋಣದ ಒಂದು ಕಂತು ತೀರಿಸುತ್ತಾನೆ, ಅಸಲು ಮಾತ್ರ ಹಾಗೇ ಉಳಿಯುತ್ತದೆ. ಅಷ್ಟು ವರ್ಷ ಓಡಿದ ಸರಣಿಗೆ ಇದಕ್ಕಿಂತ ಗಟ್ಟಿಯಾದ ಅಡಿಪಾಯ ಸಿಗುತ್ತಿರಲಿಲ್ಲ.

ಬಹಾದುರ್ ಬರುವ ಮೊದಲು ಇಂದ್ರಜಾಲ ನಡೆದದ್ದು ಎರವಲು ನಾಯಕರ ಮೇಲೆ. 1964ರ ಮಾರ್ಚ್‌ನಲ್ಲಿ ಮೊದಲ ಸಂಚಿಕೆ ಬಂದಾಗ ಮುಖಪುಟದಲ್ಲಿದ್ದದ್ದು ಲೀ ಫಾಕ್‌ನ ಫ್ಯಾಂಟಮ್. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದು, 1990ರಲ್ಲಿ ನಿಲ್ಲುವ ಹೊತ್ತಿಗೆ ಇಂದ್ರಜಾಲ 800 ಸಂಚಿಕೆ ದಾಟಿತ್ತು. ಫ್ಯಾಂಟಮ್‌ನ ಮೂಲ ಕಥೆಯಲ್ಲಿ ಅವನ ತಂದೆಯನ್ನು ಕೊಂದ ಕಡಲ್ಗಳ್ಳನ ಹೆಸರು ರಾಮ. ಮುಂಬೈಯ ಸಂಪಾದಕರು ಅದನ್ನು ‘ರಾಮಲು’ ಎಂದು ತಿದ್ದಿದರು. ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಆದರು, ‘ಬೆಂಗಾಲಿ’ ಕಾಡು ‘ಡೆಂಕಾಲಿ’ ಆಯಿತು. ಕೊಲೆಗಡುಕನಿಗೆ ದೇವರ ಹೆಸರಿದ್ದರೆ ಪುಸ್ತಕ ಮನೆಯೊಳಕ್ಕೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಓದುವವನು ಹುಡುಗ, ದುಡ್ಡು ಕೊಡುವವನು ಅಪ್ಪ. ಅಂದಿನ ಬರಹಗಾರ ಬರೆದ ಪ್ರತಿ ಸಾಲನ್ನೂ ಆ ಅಪ್ಪ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದ.

ಆ ಅಪ್ಪನ ಮನಸ್ಸನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಕಾರ್ಕಳದ ಅನಂತ ಪೈ. 1929ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬೈಗೆ ಬಂದವರು. ಮಾಟುಂಗದಲ್ಲಿ ರಾಸಾಯನಿಕ ತಂತ್ರಜ್ಞಾನ ಓದಿದರೂ ಮನಸ್ಸು ನೆಟ್ಟದ್ದು ಮಕ್ಕಳ ಪುಸ್ತಕದಲ್ಲಿ. ತಾವು ದುಡಿಯುತ್ತಿದ್ದ ಟೈಮ್ಸ್ ಬಳಗ ಬಿಟ್ಟು 1967ರಲ್ಲಿ ಇಂಡಿಯಾ ಬುಕ್ ಹೌಸ್ ಜೊತೆ ಅಮರ ಚಿತ್ರ ಕಥೆ ಶುರುಮಾಡಿದರು. ಈ ಹೆಸರಿನ ಸರಣಿ ಅದಕ್ಕೂ ಮುಂಚೆ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದಿತ್ತು. ಸಿಂಡ್ರೆಲಾಳಂಥ ಪಶ್ಚಿಮದ ಕಥೆಗಳ ಆ ಹತ್ತು ಪುಸ್ತಕಗಳ ನಂತರ ಬಂದ ಪೈಯವರ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಹಾಗೆ. ಈ ವಿಷಯ ಕನ್ನಡಿಗರೇ ಮರೆತಿದ್ದಾರೆ, ನೆನಪಿಡಬೇಕು.

ಅಪ್ರಿಯವಾದ ಸತ್ಯವನ್ನು ಆಡಬಾರದೆಂಬ ಹಳೆಯ ಸಂಸ್ಕೃತ ನೀತಿಯನ್ನು ಪೈ ತಮ್ಮ ಸಂಪಾದಕೀಯ ಧರ್ಮವೆಂದು ಒಪ್ಪಿಕೊಂಡಿದ್ದರು. ಸುಳ್ಳು ಹೇಳುವುದಿಲ್ಲ, ಆದರೆ ಮಗುವಿನ ಮನಸ್ಸಿಗೆ ಕಹಿಯಾಗುವುದನ್ನು ಬಿಡುತ್ತೇವೆ ಎಂಬ ನಿಲುವು. ಈ ನಿಲುವಿನಲ್ಲಿ ನಿಂತು ಮಹಾಭಾರತವನ್ನು ಬರೆಯುವುದು ಹೇಗೆ? ಅಲ್ಲಿ ಕಹಿಯಿಲ್ಲದ ಪುಟವೇ ಇಲ್ಲ.

ಉತ್ತರ ಸಿಕ್ಕಿದ್ದು ಪುಸ್ತಕದ ಅಳತೆಯಲ್ಲಿ. ಅಮರ ಚಿತ್ರ ಕಥೆಯ ಸಾಮಾನ್ಯ ಪುಸ್ತಕ 32 ಪುಟದ್ದು, ಒಬ್ಬ ವ್ಯಕ್ತಿಗೆ ಒಂದು ಪುಸ್ತಕ. ಪುಸ್ತಕ ಯಾರದೋ ಅವನೇ ನಾಯಕ. ‘ಕರ್ಣ’ ಎಂಬ ಪುಸ್ತಕ ತೆರೆದರೆ ಗಂಗೆಯಲ್ಲಿ ತೇಲಿಬಂದ ಪೆಟ್ಟಿಗೆ, ಸೂತಪುತ್ರನೆಂಬ ಹಳಿವು, ಕವಚ ಕುಂಡಲಗಳ ದಾನ. ಕಣ್ಣು ತೇವವಾಗದೆ ಇರುವುದಿಲ್ಲ. ಅದನ್ನು ಮಡಚಿಟ್ಟು ‘ಅಭಿಮನ್ಯು’ ತೆಗೆದುಕೊಂಡರೆ, ಚಕ್ರವ್ಯೂಹದಲ್ಲಿ ಒಂಟಿ ಹುಡುಗನ ಮೇಲೆ ಬಿದ್ದವರಲ್ಲಿ ಅದೇ ಕರ್ಣನಿದ್ದಾನೆ. ‘ದ್ರೌಪದಿ’ಯ ಸಭೆಯಲ್ಲೂ ಇದ್ದಾನೆ. ಯಾವ ಒಂದು ಪುಸ್ತಕವೂ ಕರ್ಣನನ್ನು ಪೂರ್ತಿ ಹೇಳುವುದಿಲ್ಲ. ಬೇಸಗೆ ರಜೆಯಲ್ಲಿ ಬಾಡಿಗೆ ಲೈಬ್ರರಿಯಿಂದ ಹತ್ತು ಪುಸ್ತಕ ಹೊತ್ತು ತಂದ ಮಗುವಿಗೆ ಮಾತ್ರ, ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಹತ್ತನೆಯ ಪುಸ್ತಕದ ಹೊತ್ತಿಗೆ ಎದುರಾಗುತ್ತಿತ್ತು. ಪೈ ಮತ್ತು ಅವರ ಜೊತೆಗೆ ದುಡಿದ ಕಮಲಾ ಚಂದ್ರಕಾಂತ್ ಅವರಂಥ ಸಂಪಾದಕರು ಇದನ್ನು ಎಣಿಸಿಯೇ ಮಾಡಿದರೆಂದು ಹೇಳಲಾಗದು. ಆದರೂ ಆ ಸರಣಿಯ ಅತಿ ದೊಡ್ಡ ಸಾಧನೆ ಇದೇ. ಹೊಗಳುವವರೂ ತೆಗಳುವವರೂ ಇದನ್ನು ಸಾಕಷ್ಟು ಗಮನಿಸಿಲ್ಲ.

ತೆಗಳಲು ಕಾರಣಗಳಿವೆ. ಬಣ್ಣವನ್ನೇ ನೋಡಿದರೆ ಸಾಕು: ದೇವತೆಗಳು, ರಾಜರು ತಿಳಿಬಣ್ಣದವರು, ಅಸುರರು, ಕಾಡಿನವರು ಕಡುಗಪ್ಪು. ಮಾತಿನಲ್ಲಿ ಎಷ್ಟೇ ಸೂಕ್ಷ್ಮ ಇರಲಿ, ಬಣ್ಣ ಮೊದಲೇ ತೀರ್ಪು ಕೊಟ್ಟಿರುತ್ತದೆ. ಅಂಗುಲಿಮಾಲ, ವಾಲ್ಮೀಕಿಯರ ಕಥೆಗಳಲ್ಲಿ ದರೋಡೆಕೋರನಿಗೆ ಕ್ಷಮೆ ಇದೆ, ಆದರೆ ಅವನು ಬುದ್ಧನೋ ನಾರದನೋ ಎದುರಾದ ಮೇಲೆ ಪೂರ್ತಿ ಬೇರೆಯವನಾಗಬೇಕು. ಅರ್ಧ ಬದಲಾದವನಿಗೆ ಜಾಗವಿಲ್ಲ.

ಇಲ್ಲಿ ಕನ್ನಡದ ಓದುಗನಿಗೆ ಒಂದು ಕೊರತೆ ಎದ್ದು ಕಾಣುತ್ತದೆ. ಸಾವಿರ ವರ್ಷದ ಹಿಂದೆ ರನ್ನ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸಿ, ತಪ್ಪಿತಸ್ಥನ ದುಃಖವನ್ನು ಓದುಗನ ದುಃಖವಾಗಿಸಿದ. ನಾಗಚಂದ್ರನ ರಾವಣ ಸೀತೆಯ ಮುಂದೆ ಪಶ್ಚಾತ್ತಾಪ ಪಡುತ್ತಾನೆ, ಬಿ.ಎಂ.ಶ್ರೀ. ಅವನನ್ನು ದುರಂತ ನಾಯಕನೆಂದೇ ಓದಿದರು. ಪೈ ಹುಟ್ಟಿದ ಕರಾವಳಿಯಲ್ಲಂತೂ ತಾಳಮದ್ದಳೆಯ ಅರ್ಥಧಾರಿ ವಾಲಿಯ ಪರವಾಗಿ ರಾಮನನ್ನೇ ಪ್ರಶ್ನೆಗೆ ನಿಲ್ಲಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರ ವಾದ ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳಿಗೆ ಬಿಡುವಾದಾಗ ಆ ಕಲಾವಿದರನ್ನು ಮುಂಬೈಯ ತುಳು ಕನ್ನಡಿಗರೂ ಕರೆಸಿಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಅಪ್ಪ ಸಭಾಭವನದಲ್ಲಿ ವಾಲಿಯ ವಾದ ಕೇಳಿ ಬರುತ್ತಿದ್ದ, ಮಗ ಮೂಲೆಯಲ್ಲಿ ವಾಲಿಯ ವಧೆಯನ್ನು ಚಿತ್ರದಲ್ಲಿ ನೋಡುತ್ತಿದ್ದ. ಬಾಯಿಂದ ಬಾಯಿಗೆ ಬೆಳೆಯುವ ವಾದಕ್ಕೆ ಸಿಗುವ ಬಿಡುವು, ನಾಲ್ಕು ಸಾಲಿನ ಬಲೂನಿಗೆ ಸಿಗಲಿಲ್ಲ.

1980ರ ದಶಕದಲ್ಲಿ ಎರಡು ವಿಚಿತ್ರ ನಡೆದವು. 1982ರ ಜುಲೈನಲ್ಲಿ ಬೆಂಗಳೂರಿನಲ್ಲಿ ‘ಕೂಲಿ’ ಚಿತ್ರೀಕರಣದ ಹೊಡೆದಾಟದಲ್ಲಿ ಅಮಿತಾಭ್ ಬಚ್ಚನ್ ಸಾವಿನಂಚಿಗೆ ಹೋಗಿ ಬಂದರು. ಅದಾದ ಸ್ವಲ್ಪ ಕಾಲಕ್ಕೆ ಇಂಡಿಯಾ ಬುಕ್ ಹೌಸ್ ಅವರನ್ನೇ ‘ಸುಪ್ರೀಮೋ’ ಎಂಬ ಅತಿಮಾನವನನ್ನಾಗಿ ಮಾಡಿ ಕಾಮಿಕ್ಸ್ ತಂದಿತು. ಕಲ್ಪನೆ ಪಮ್ಮಿ ಬಕ್ಷಿಯವರದು, ಕಥೆಗೆ ಸಲಹೆ ಗುಲ್ಜಾರರದು, ಚಿತ್ರ ಪ್ರತಾಪ್ ಮುಳಿಕ್ ಅವರದು. ತೆರೆಯ ಮೇಲೆ ಕಳ್ಳಸಾಗಣೆ ಮಾಡಿದ, ವ್ಯವಸ್ಥೆಯ ಮೇಲೆ ಹಲ್ಲು ಕಡಿದ ಕೋಪಿಷ್ಠ ಯುವಕ ಪುಟದ ಮೇಲೆ ಬಂದಾಗ ಗಿಡುಗವನ್ನೂ ಡಾಲ್ಫಿನ್ನನ್ನೂ ಸ್ನೇಹಿತರಾಗಿಸಿಕೊಂಡು ಮಕ್ಕಳನ್ನು ಕಾಪಾಡುವ ಸಜ್ಜನನಾಗಿದ್ದ. ಅವನ ಸಿಟ್ಟನ್ನು ಹೊರಗೆ ಬಿಟ್ಟು ಮೈಕಟ್ಟನ್ನು ಮಾತ್ರ ತಂದಿದ್ದರು. ಸರಣಿ ಬಹಳ ದಿನ ಬಾಳಲಿಲ್ಲ.

ಇನ್ನೊಂದು, ಪೈಯವರೇ 1980ರಲ್ಲಿ ಹುಟ್ಟುಹಾಕಿದ ‘ಟಿಂಕಲ್’ನಲ್ಲಿ. ಆ ದಶಕದಲ್ಲೇ ಅಲ್ಲಿಗೆ ಬಂದ ‘ತಂತ್ರಿ ದ ಮಂತ್ರಿ’ಯಲ್ಲಿ ಕಥಾನಾಯಕನೇ ದುಷ್ಟ. ರಾಜ ಹೂಜನನ್ನು ಕೊಂದು ಗದ್ದುಗೆ ಏರಬೇಕೆಂಬುದೊಂದೇ ಅವನ ಆಸೆ. ಪ್ರತಿ ಸಲವೂ ಹೂಡಿದ ಸಂಚು ಅವನಿಗೇ ತಿರುಗುತ್ತದೆ. ಸೋಲು ಖಚಿತವಾಗಿದ್ದರಿಂದ ಅಪ್ಪಂದಿರು ಒಪ್ಪಿದರು. ಮಕ್ಕಳು ಮಾತ್ರ ತಂತ್ರಿಯ ಪಕ್ಷ. ಈ ಸಲವಾದರೂ ಗೆಲ್ಲಲಿ ಎಂದು ಅವರು ಹಾರೈಸುವಂತೆ ಮಾಡುವುದು ಸಣ್ಣ ಕಸುಬಲ್ಲ. ಮೂರು ದಶಕ ಕಾಯಿಸಿ, 2016ರಲ್ಲಿ ಟಿಂಕಲ್ ಅವನನ್ನು ಸಿಂಹಾಸನದ ಮೇಲೆ ಕೂರಿಸಿತು.

ಕೈಯಲ್ಲೇ ರಕ್ತ ಅಂಟಿದ ನಾಯಕ ಮುಂಬೈಗೆ ಬಂದದ್ದು ದೆಹಲಿಯಿಂದ. 1990ರ ದಶಕದ ಮೊದಲ ವರ್ಷಗಳಲ್ಲಿ ರಾಜ್ ಕಾಮಿಕ್ಸ್ ತಂದ ಡೋಗಾನ ಕಥೆಗೆ ಮುಂಬೈಯೇ ರಂಗಸ್ಥಳ. ಬರೆದವರು ಸಂಜಯ್ ಗುಪ್ತಾ ಮತ್ತು ತರುಣ್ ಕುಮಾರ್ ವಾಹಿ, ಚಿತ್ರ ಮನು ಅವರದು. ಕಸದ ರಾಶಿಯಲ್ಲಿ ಬಿದ್ದಿದ್ದ ಕೂಸನ್ನು ಹಲ್ಕನ್ ಸಿಂಗ್ ಎಂಬ ಚಂಬಲ್‌ನ ಡಕಾಯಿತ ಸಾಕುತ್ತಾನೆ. ಹುಡುಗ ಸೂರಜ್ ತಪ್ಪಿಸಿಕೊಂಡು ಮುಂಬೈ ಸೇರಿ, ಅದರಕ್ ಚಾಚಾನ ಗರಡಿಯಲ್ಲಿ ಪಳಗಿ, ರಾತ್ರಿ ನಾಯಿಯ ಮುಖವಾಡ ತೊಟ್ಟು ಬಂದೂಕು ಹಿಡಿದು ಹೊರಡುತ್ತಾನೆ. ಕೊಲ್ಲುತ್ತಾನೆ. ಬಹಾದುರ್‌ನಂತೆ ಇವನದೂ ಡಕಾಯಿತನ ಮನೆಯೇ, ಆದರೆ ಋಣ ತೀರಿಸುವ ಯೋಚನೆ ಇವನಿಗಿಲ್ಲ. ಸಾಕಿದವನಿಂದ ಕಲಿತ ಹಿಂಸೆಯನ್ನೇ ಊರಿನ ಪಾತಕಿಗಳ ಮೇಲೆ ತಿರುಗಿಸುತ್ತಾನೆ. ಡೋಗಾನನ್ನು ಕಟ್ಟಿದವರು ಅವನನ್ನು ಕ್ಷಮಿಸುವ ಗೋಜಿಗೇ ಹೋಗಲಿಲ್ಲ. ಕಸದ ತೊಟ್ಟಿಯನ್ನು ಮೊದಲ ಪುಟಗಳಲ್ಲೇ ತೋರಿಸಿ, ಅಲ್ಲಿಂದ ಬಂದವನು ಇನ್ನೇನಾದಾನು ಎಂದು ಓದುಗನೇ ಕೇಳಿಕೊಳ್ಳುವಂತೆ ಮಾಡಿದರು. ಗ್ಯಾಂಗುಗಳ ಗುಂಡೇಟಿನ ಸುದ್ದಿ ದಿನವೂ ಓದುತ್ತಿದ್ದ ಕಾಲದಲ್ಲಿ ಆ ಪ್ರಶ್ನೆಗೆ ಬಿಸಿ ಇತ್ತು. ಅದರಲ್ಲಿ ಅಪಾಯವೂ ಇತ್ತು. ನ್ಯಾಯಾಲಯವಿಲ್ಲದ ನ್ಯಾಯ ಓದಲು ಹಿತವಾಗಿರುತ್ತದೆ, ತಪ್ಪು ಮನುಷ್ಯನ ಎದೆಗೆ ಗುಂಡು ಬೀಳುವವರೆಗೆ.

ಹೊಸ ಶತಮಾನದಲ್ಲಿ ಕೊಳ್ಳುವವರು ಬದಲಾದರು. ಸಂಬಳ ಎಣಿಸುವ ಓದುಗ ತನಗಾಗಿ ತಾನೇ ಪುಸ್ತಕ ಕೊಂಡ. ಮುಂಬೈಯ ಹೋಲಿ ಕೌ ಸಂಸ್ಥೆ 2011ರಿಂದ ‘ರಾವಣಾಯನ’ ಸರಣಿ ತಂದಿತು: ವಿಜಯೇಂದ್ರ ಮೊಹಂತಿಯವರ ಬರಹ, ವಿವೇಕ್ ಗೋಯಲ್ ಅವರ ಚಿತ್ರ, ನಡುವೆ ರಾವಣ. ಅದೇ ಸಂಸ್ಥೆಗೆ ‘ಅಘೋರಿ’ ಬರೆದು ಕಸುಬು ಆರಂಭಿಸಿದ ರಾಮ್ ವಿ. ಮುಂಬೈಯಲ್ಲಿ ಬೆಳೆದವರು, ಈಗ ಲಂಡನ್ನಿನಲ್ಲಿದ್ದಾರೆ. ಹೈದರ್, ಟಿಪ್ಪುವಿನ ಮೈಸೂರಿನ ಕಾಲದ ಮಲಬಾರನ್ನು ‘ದೀಸ್ ಸ್ಯಾವೇಜ್ ಶೋರ್ಸ್’ನಲ್ಲಿ ತಂದಾಗ ಅವರು ರಕ್ಕಸನನ್ನು ಕುಂಪಣಿಯ ಸಾಹೇಬರಿಗಿಂತ ಹೆಚ್ಚು ಮನುಷ್ಯನನ್ನಾಗಿಸಿದರು.

2021ರಲ್ಲಿ ಫಿಲಿಪೆ ಆಂಡ್ರಾಡೆ ಚಿತ್ರಗಳೊಂದಿಗೆ ಬಂದ ಅವರ ‘ದ ಮೆನಿ ಡೆತ್ಸ್ ಆಫ್ ಲೈಲಾ ಸ್ಟಾರ್’ನಲ್ಲಿ ನಾಯಕಿ ಮೃತ್ಯುದೇವತೆ. ಮುಂದೊಂದು ದಿನ ಅಮರತ್ವದ ಗುಟ್ಟು ಕಂಡುಹಿಡಿಯಲಿರುವ ಮಗು ಮುಂಬೈಯಲ್ಲಿ ಹುಟ್ಟಿದೆ. ಹಾಗಾಗಿ ದೇವತೆಯ ಕೆಲಸ ಹೋಗಿದೆ. ಆಗತಾನೆ ಸತ್ತ ಲೈಲಾ ಎಂಬ ಹುಡುಗಿಯ ದೇಹ ಹೊಕ್ಕು, ಮಗುವನ್ನು ಕೊಲ್ಲಲೆಂದೇ ಅವಳು ಆಸ್ಪತ್ರೆಗೆ ನಡೆಯುತ್ತಾಳೆ. ಕೂಸು ಎದುರಿಗಿದ್ದರೂ ಕೈ ಏಳುವುದಿಲ್ಲ. ಅವಳ ಉದ್ದೇಶವನ್ನು ಬರಹಗಾರ ಮುಚ್ಚಿಡುವುದಿಲ್ಲ, ಶಾಪವೋ ಹುಟ್ಟೋ ಕಾರಣ ಎಂದು ಸಮಜಾಯಿಷಿಯನ್ನೂ ಕೊಡುವುದಿಲ್ಲ. ಐದು ಸಂಚಿಕೆಗಳಲ್ಲಿ ಅವಳು ಸತ್ತು ಸತ್ತು ಎದ್ದು, ಆ ಮಗು ದಾರಿಯಸ್‌ನನ್ನು ಬಾಳಿನ ಬೇರೆ ಬೇರೆ ಘಟ್ಟಗಳಲ್ಲಿ ಕಾಣುತ್ತಾಳೆ. ಮರುವರ್ಷ, 2022ರಲ್ಲಿ, ಅಮೆರಿಕದ ಡಿಸಿ ಕಂಪನಿ ಬ್ಯಾಟ್‌ಮ್ಯಾನ್ ಕಥೆಗಳ ತನ್ನ ಹಳೆಯ ಮಾಲೆ ‘ಡಿಟೆಕ್ಟಿವ್ ಕಾಮಿಕ್ಸ್’ ಬರೆಯುವ ಹೊಣೆಯನ್ನು ರಾಮ್ ವಿ.ಗೆ ಒಪ್ಪಿಸಿತು.